ನೀಲಿ ದೀಪದ ಕೆಳಗೆ ಹಲ್ಲಿನ ಡಾಕ್ಟರು

ನನ್ನನ್ನು ಕಂಡರೆ ನಮ್ಮ ಬಡಾವಣೆಯ ಅರ್ಧ ಜನ ಹೆದರುತ್ತಾರೆ. ಇದು ಜಂಬದ ಮಾತಲ್ಲ, ನನ್ನ ಕಸುಬೇ ಅಂಥದ್ದು. ನಾನು ಹಲ್ಲಿನ ಡಾಕ್ಟರು. ದಟ್ಟಗಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ಕಿದೆ. ಕೆಳಗೆ ನಗುನಗುತ್ತ ಹನಿ ಕೇಕು ತಿಂದವರು ಕೆಲವು ವರ್ಷಗಳ ನಂತರ ಕೆನ್ನೆ ಹಿಡಿದುಕೊಂಡು ಮೇಲೆ ಬರುತ್ತಾರೆ. ಬಂದವರು ಕುರ್ಚಿಯಲ್ಲಿ ಕೂರುವ ಮೊದಲು ಬಾಗಿಲು ಎಲ್ಲಿದೆ ಎಂದು ಒಮ್ಮೆ ತಿರುಗಿ ನೋಡಿಕೊಳ್ಳುತ್ತಾರೆ. ಪೊಲೀಸ್ ಕೆಲಸದಲ್ಲಿದ್ದ ದೊಡ್ಡ ಮೀಸೆಯವರೊಬ್ಬರು ನನ್ನ ಸೂಜಿ ಕಂಡು, ಬೆಳಿಗ್ಗೆ ತಿಂಡಿ ತಿಂದಿಲ್ಲ, ನಾಳೆ ಬರುತ್ತೇನೆ ಎಂದು ಹೋದವರು ಇವತ್ತಿಗೂ ತಿಂಡಿ ತಿನ್ನುತ್ತಲೇ ಇದ್ದಾರೆ. ಇಷ್ಟು ಜನರ ಭಯವನ್ನು ದಿನವೂ ಹತ್ತಿರದಿಂದ ನೋಡುವವಳಿಗೆ ಭಯದ ಪರಿಚಯ ಚೆನ್ನಾಗಿ ಇರಬೇಕಲ್ಲ ಎಂದು ನೀವು ಅಂದುಕೊಳ್ಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಡುಗೆ ಭಟ್ಟರಿಗೆ ಹಸಿವಿನ ಪರಿಚಯ ಎಷ್ಟಿರುತ್ತದೋ ನನಗೂ ಅಷ್ಟೇ ಇತ್ತು ಎನ್ನುವುದು ಗೊತ್ತಾದದ್ದು ನನ್ನ ಗಲ್ಲದ ಮೇಲೆ ಮೊಡವೆ ಎದ್ದಾಗ.

ಮೊಡವೆ ಏಳುವ ವಯಸ್ಸಿನಲ್ಲಿ ನನಗೆ ಒಂದೂ ಎದ್ದಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಗೆಳತಿಯರು ಕನ್ನಡಿಯ ಮುಂದೆ ಅಳುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು, ಮುಟ್ಟಬೇಡ, ಕಲೆ ಉಳಿಯುತ್ತದೆ ಎಂದು ಉಪದೇಶ ಮಾಡುತ್ತಿದ್ದೆ. ನಲವತ್ತು ದಾಟಿದ ಮೇಲೆ, ತಲೆಗೂದಲಿಗೆ ಬಣ್ಣ ಹಚ್ಚಲು ಶುರುಮಾಡಿದ ಮೇಲೆ, ಅವು ಬಂದವು. ಬಂದದ್ದೂ ಸರಿಯಾದ ಜಾಗ ನೋಡಿಕೊಂಡೇ. ಮೂಗಿನಿಂದ ಮೇಲೆ ಮುಖ ನುಣ್ಣಗೆ, ಕೆಳಗೆ ಮಾಸ್ಕ್ ಮುಚ್ಚುವಷ್ಟು ಭಾಗ ಮಾತ್ರ ಕೆಂಪು ಗುಳ್ಳೆಗಳು. ದಿನವಿಡೀ ಮಾಸ್ಕ್ ಕಟ್ಟಿಕೊಂಡು ಅದರೊಳಗೇ ಉಸಿರಾಡಿದರೆ ಹೀಗಾಗುತ್ತದಂತೆ, ಜೊತೆಗೆ ವಯಸ್ಸಿನ ಏರುಪೇರೂ ಸೇರಿಕೊಳ್ಳುತ್ತದಂತೆ. ಮುಚ್ಚಿದೆಯಲ್ಲ, ಯಾರು ನೋಡುತ್ತಾರೆ ಎಂದು ಮೊದಮೊದಲು ಸುಮ್ಮನಿದ್ದೆ. ಆದರೆ ಮಾಸ್ಕಿನ ಅಂಚು ಗುಳ್ಳೆಗಳಿಗೆ ತಾಗಿ ತಾಗಿ ಮಧ್ಯಾಹ್ನದ ಹೊತ್ತಿಗೆ ಗಲ್ಲ ಉರಿಯಲು ಶುರುವಾಯಿತು. ಒಂದು ದಿನ ಮಾಸ್ಕ್ ತೆಗೆದರೆ ಒಳಗೆ ರಕ್ತದ ಚುಕ್ಕೆ. ಮಾಸ್ಕ್ ಕಟ್ಟದೆ ಇನ್ನೊಬ್ಬರ ಬಾಯಿಗೆ ಕೈ ಹಾಕುವಂತಿಲ್ಲ, ಕಟ್ಟಿದರೆ ಮುಖ ಉಳಿಯುವಂತಿಲ್ಲ.

ಆಗ ನಾನು ಮಾಡಿದ್ದು, ರೋಗಿಗಳು ಮಾಡಿದರೆ ನಾನು ಬೈಯುವ ಕೆಲಸ. ಯಾರನ್ನೂ ಕೇಳದೆ ನನಗೆ ನಾನೇ ಔಷಧಿ ಕೊಟ್ಟುಕೊಂಡೆ. ಕಂಪನಿಯ ಪ್ರತಿನಿಧಿಗಳು ಕ್ಲಿನಿಕ್ಕಿಗೆ ಬಂದಾಗ ಬಿಟ್ಟುಹೋಗುವ ಸ್ಯಾಂಪಲ್ ಮಾತ್ರೆಗಳ ಡಬ್ಬಿಯೊಂದು ನನ್ನ ಮೇಜಿನ ಕೆಳಗಿರುತ್ತದೆ. ಅದರಲ್ಲಿ ಡಾಕ್ಸಿಸೈಕ್ಲಿನ್ ಇತ್ತು. ಒಸಡಿನ ಸೋಂಕಿಗೆ ನಾನು ಬರೆದುಕೊಡುವ ಮಾತ್ರೆ ಅದು, ಮೊಡವೆಗೂ ಕೊಡುತ್ತಾರೆ. ದಿನವೂ ಊಟವಾದ ಮೇಲೆ ಒಂದು ನುಂಗುತ್ತಿದ್ದೆ. ಮೊಡವೆಗಳು ಕೇರ್ ಮಾಡಲಿಲ್ಲ.

ನನ್ನ ಕ್ಲಿನಿಕ್ಕಿನಲ್ಲಿ ಸವಿತಾ ಎನ್ನುವ ಸಹಾಯಕಿ ಇದ್ದಾಳೆ. ನಾನು ಕೇಳುವ ಮೊದಲೇ ಉಪಕರಣ ಕೈಗಿಡುತ್ತಾಳೆ, ನಾನು ಕೇಳದಿದ್ದರೂ ಬುದ್ಧಿ ಹೇಳುತ್ತಾಳೆ. ಅವಳೇ ವಿಜಯನಗರದ ಚರ್ಮದ ಡಾಕ್ಟರೊಬ್ಬರಿಗೆ ಫೋನು ಮಾಡಿ ಸಮಯ ಗೊತ್ತುಮಾಡಿದಳು. ಅವರು ನನಗಿಂತ ತುಂಬಾ ಚಿಕ್ಕವರು, ಮೆದು ಮಾತಿನವರು. ನನ್ನ ಗಲ್ಲವನ್ನು ಭೂತಗನ್ನಡಿಯಲ್ಲಿ ನೋಡಿ, "ಮೇಡಂ, ಇದಕ್ಕೆ ಬ್ಲೂ ಲೈಟ್ ಟ್ರೀಟ್‌ಮೆಂಟ್ ಮಾಡೋಣ. ಆ ಬೆಳಕು ಮೊಡವೆಯ ಬ್ಯಾಕ್ಟೀರಿಯಾನ ಕಡಿಮೆ ಮಾಡುತ್ತೆ. ವಾರಕ್ಕೆ ಎರಡು ಸಲ ಬಂದು ಸ್ವಲ್ಪ ಹೊತ್ತು ಮಲಗಿದ್ರೆ ಸಾಕು, ನೋವೇನೂ ಇರಲ್ಲ," ಎಂದರು. ಆಮೇಲೆ ಕೇಳಿದರು: "ಬೇರೆ ಯಾವ್ದಾದ್ರೂ ಮಾತ್ರೆ ತಗೋತಾ ಇದೀರಾ?"

"ಇಲ್ಲ," ಎಂದೆ.

ಯಾಕೆ ಹಾಗೆಂದೆನೋ. ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರ ಮುಂದೆ, ಮೇಜಿನ ಕೆಳಗಿನ ಡಬ್ಬಿಯಿಂದ ಮಾತ್ರೆ ತೆಗೆದು ನುಂಗುತ್ತಿದ್ದೇನೆ ಎಂದು ಹೇಳುವುದು ಹೇಗೆ? ನಾಲಿಗೆ ತನ್ನಷ್ಟಕ್ಕೆ ತಾನೇ ಉತ್ತರ ಕೊಟ್ಟುಬಿಟ್ಟಿತು.

ಮನೆಗೆ ಬಂದು ವಿಷಯ ತಿಳಿಸಿದಾಗ ನನ್ನ ಗಂಡ, "ಬೆಳಕು ತಾನೆ, ಅದಕ್ಕೇನಂತೆ," ಎಂದು ಪೇಪರು ತಿರುವಿದರು. ಅವರು ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರು, ಬಿಸಿಲಲ್ಲೇ ಬದುಕಿದವರು. ಆದರೆ ನಮ್ಮತ್ತೆ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದರು. ನಮ್ಮತ್ತೆ ತಿ. ನರಸೀಪುರದ ಕಡೆಯವರು, ಹೊಲಗದ್ದೆ ಮಾಡಿಸಿದವರು. ಯಾವುದಕ್ಕೂ ಹೆದರದವರು ಎಂದು ನನಗೆ ಅವರ ಬಗ್ಗೆ ಗೌರವ.

"ನೀಲಿ ಬೆಳಕಾ?" ಎಂದರು. "ಎಂಗಿರ್ತದೆ ಅದು? ವೆಲ್ಡಿಂಗ್‌ದಂಗಾ?"

"ಇಲ್ಲ ಅತ್ತೆ, ಹಾಗೆಲ್ಲ ಅಲ್ಲ."

"ನಮ್ಮೂರಲ್ಲಿ ಸಿದ್ದೇಗೌಡ ಅಂತ ಇದ್ದ ಕಣವ್ವ. ಟ್ರಾಕ್ಟರ್ ವೆಲ್ಡಿಂಗ್ ಮಾಡ್ತಿದ್ರೆ ಅಂಗೇ ನೋಡ್ತಾ ನಿಂತ್ಬುಟ್ಟ. ಅದೂ ನೀಲಿ ಬೆಳಕೇಯ. ಸಂಜೀಕೆ ಕಣ್ಣು ಊದ್ಕೊಂಡು ಬದನೆಕಾಯಾಗೋಯ್ತು. ನಿನ್ ಕೆಲ್ಸ ಕಣ್ಣಿಂದೇ ಅಲ್ವಾ? ಸ್ವಲ್ಪ ಯೋಚ್ನೆ ಮಾಡವ್ವ."

ಅತ್ತೆಯ ಮಾತಿಗೆ ನಾನು ನಕ್ಕೆ. ವೆಲ್ಡಿಂಗಿನ ಬೆಳಕು ಬೇರೆ, ಇದು ಬೇರೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕುತ್ತಾರೆ ಎಂದು ಬಿಡಿಸಿ ಹೇಳಿದೆ. ಹೇಳುವಾಗ ಚೆನ್ನಾಗಿಯೇ ಇತ್ತು. ಆದರೆ ಅಂದಿನಿಂದ ಸಿದ್ದೇಗೌಡ ನನ್ನ ಜೊತೆಗೇ ಓಡಾಡತೊಡಗಿದ. ಹಲ್ಲಿನ ಹುಳುಕಿಗೆ ಸಿಮೆಂಟು ತುಂಬಿದ ಮೇಲೆ ಅದು ಗಟ್ಟಿಯಾಗಲಿ ಎಂದು ನಾನೂ ಒಂದು ನೀಲಿ ದೀಪ ಹಿಡಿಯುತ್ತೇನೆ. ವರ್ಷಗಟ್ಟಲೆ ಪೆನ್ನಿನ ಟಾರ್ಚಿನಂತೆ ಹಿಡಿದ ದೀಪವನ್ನು ಈಗ ಹಾವು ಹಿಡಿದಂತೆ ದೂರದಿಂದ ಹಿಡಿಯಲು ಶುರುಮಾಡಿದೆ. ಸವಿತಾ ನೋಡಿ, "ಮೇಡಂ, ಇಷ್ಟು ದೂರ ಹಿಡಿದ್ರೆ ಸಿಮೆಂಟು ನಾಳೆ ಒಣಗುತ್ತೆ," ಎಂದಳು.

ಚಿಕಿತ್ಸೆಯ ದಿನ ಅವಳೂ ಜೊತೆಗೆ ಬಂದಳು. ರಿಂಗ್ ರೋಡಿನಲ್ಲಿ ಸ್ಕೂಟರು ಓಡಿಸಿದ್ದು ಅವಳೇ. ಸವಿತಾಳನ್ನು ಹೊರಗೆ ಕೂರಿಸಿ, ದಿವ್ಯ ಎನ್ನುವ ಹುಡುಗಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅಲ್ಲಿ ಬೆಳಕಿನ ಯಂತ್ರ ನಡೆಸುವವಳು ಅವಳೇ. ಚಿಕ್ಕ ಕೋಣೆ, ಬಿಳಿ ಹಾಸಿಗೆ, ತಲೆಯ ಕಡೆ ಒಂದು ಉದ್ದ ಕೈಯ ಯಂತ್ರ. ಮುಖ ತೊಳೆಸಿದಳು, ಮಲಗಿಸಿದಳು, ಕಣ್ಣಿಗೆ ಕಪ್ಪು ಗುಂಡು ಮುಚ್ಚಳಗಳಂಥ ಕನ್ನಡಕ ಕೂರಿಸಿದಳು. ಜಗತ್ತು ಮಾಯವಾಯಿತು. ಯಂತ್ರವನ್ನು ಎಳೆದು ಮುಖದ ಮೇಲೆ ನಿಲ್ಲಿಸಿದ್ದು ಸದ್ದಿನಿಂದ ಗೊತ್ತಾಯಿತು. ಗುಂಯ್ ಎಂದು ಫ್ಯಾನು ತಿರುಗತೊಡಗಿತು. "ಹಾಗೇ ಇರಿ ಮೇಡಂ, ಅಲ್ಲಾಡ್ಬೇಡಿ," ಎಂದಳು. ಬಾಗಿಲು ಮುಚ್ಚಿದ ಸದ್ದಾಯಿತು.

ಮೊದಲು ಸ್ವಲ್ಪ ಹೊತ್ತು ಏನೂ ಅನ್ನಿಸಲಿಲ್ಲ. ಆಮೇಲೆ ಕೆನ್ನೆ ಸಣ್ಣಗೆ ಬೆಚ್ಚಗಾಯಿತು. ಇದು ಸಹಜ ಎಂದು ಧೈರ್ಯ ತಂದುಕೊಂಡೆ. ಹಿಂದೆ ಗೋಕುಲಂನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸೊಬ್ಬರು ನನ್ನ ಬಳಿ ಬರುತ್ತಿದ್ದರು. ಮಹಡಿಯ ಮೇಲೆ ಬಿಸಿಲಿಗೆ ಬೇಕೆಂದೇ ಮುಖವೊಡ್ಡಿ ಕೂತು, ಟೊಮೆಟೊ ಹಾಗೆ ಕೆಂಪಗಾಗಿ, ನಗುತ್ತ ಬಂದು ಹಲ್ಲು ಕ್ಲೀನ್ ಮಾಡಿಸಿಕೊಳ್ಳುತ್ತಿದ್ದರು. ಅವರಿಗೇ ಏನೂ ಆಗಲಿಲ್ಲ, ನನಗೇನಾದೀತು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಇನ್ನೊಂದು ನೆನಪು ಬಂದುಬಿಟ್ಟಿತು. ಅದೇ ಹೆಂಗಸಿಗೆ ಒಸಡಿನ ಸೋಂಕಾದಾಗ ಮಾತ್ರೆ ಬರೆದುಕೊಟ್ಟು, ಬೆರಳು ತೋರಿಸಿ ಎಚ್ಚರಿಕೆ ಹೇಳಿದ್ದೆ: ಇದನ್ನು ತೆಗೆದುಕೊಳ್ಳುವಷ್ಟು ದಿನ ಬಿಸಿಲಿಗೆ ಹೋಗಬೇಡಿ, ಚರ್ಮ ಬೆಳಕಿಗೆ ಕೆರಳುತ್ತದೆ, ಸುಟ್ಟಂತಾಗುತ್ತದೆ. ಆ ಮಾತ್ರೆ ಡಾಕ್ಸಿಸೈಕ್ಲಿನ್. ಹಿಂದಿನ ದಿನವೂ ಊಟವಾದ ಮೇಲೆ ನಾನು ನುಂಗಿದ್ದ ಮಾತ್ರೆ.

ಮೈಯೆಲ್ಲ ತಣ್ಣಗಾಯಿತು, ಮುಖ ಒಂದನ್ನು ಬಿಟ್ಟು. ಮುಖ ಉರಿಯತೊಡಗಿತು. ಗಲ್ಲದಿಂದ ಶುರುವಾಗಿ ಕೆನ್ನೆಗೆ, ಕೆನ್ನೆಯಿಂದ ಕಿವಿಯ ಬುಡಕ್ಕೆ ಉರಿ ಹತ್ತುತ್ತಿರುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಚರ್ಮ ಬಿಗಿಯಿತು. ತುಟಿಯ ಮೇಲೆ ಏನೋ ಚುರ್ರೆಂದಿತು. ಏಳೋಣವೆಂದರೆ ಯಂತ್ರ ಮುಖದ ಮೇಲೇ ಇದೆ, ಹಣೆಗೆ ಬಡಿದೀತು. ಕನ್ನಡಕ ಕೀಳೋಣವೆಂದರೆ ಸಿದ್ದೇಗೌಡನ ಕಣ್ಣು. ನೋವಾದರೆ ಎಡಗೈ ಎತ್ತಿ ಎಂದು ನಾನು ರೋಗಿಗಳಿಗೆ ಹೇಳುತ್ತೇನೆ, ಹಾಗಾಗಿ ಎಡಗೈ ಎತ್ತಿದೆ. ಯಾರೂ ಬರಲಿಲ್ಲ. ಬಲಗೈಯನ್ನೂ ಎತ್ತಿದೆ. ಎರಡೂ ಕೈ ಎತ್ತಿಕೊಂಡು, ಕಣ್ಣು ಕಾಣದೆ, ಬೇಯುತ್ತ ಮಲಗಿದ್ದೆ. ನಾಳೆಯಿಂದ ಮಾಸ್ಕ್ ಕಟ್ಟಲು ಮುಖವೇ ಇರುವುದಿಲ್ಲ, ಕ್ಲಿನಿಕ್ಕಿನ ಬೋರ್ಡು ಇಳಿಸಬೇಕು, ಹೈಸ್ಕೂಲು ಮೇಷ್ಟ್ರ ಸಂಬಳದಲ್ಲಿ ಮನೆ ನಡೆಯಬೇಕು ಎಂದೆಲ್ಲ ಯೋಚನೆ ಓಡಿತು. ಕೂಗಲು ನೋಡಿದೆ. ಗಂಟಲಿನಿಂದ ಹೊರಟದ್ದು ನನ್ನ ದನಿಯಾಗಿರಲಿಲ್ಲ, ಬಾಗಿಲ ಸಂದಿಗೆ ಬಾಲ ಸಿಕ್ಕಿದ ಬೆಕ್ಕಿನ ದನಿ.

ಬಾಗಿಲು ತೆರೆಯಿತು. "ಏನಾಯ್ತು ಮೇಡಂ?" ಎಂದಳು ದಿವ್ಯ.

"ಆಫ್ ಮಾಡಮ್ಮ, ಬೇಗ ಆಫ್ ಮಾಡು. ಮುಖ ಸುಟ್ಟುಹೋಗ್ತಾ ಇದೆ."

ಅವಳು ಯಂತ್ರವನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಆಮೇಲೆ ಸಮಾಧಾನದ ದನಿಯಲ್ಲಿ ಹೇಳಿದಳು: "ಮೇಡಂ, ಲೈಟ್ ಇನ್ನೂ ಆನ್ ಮಾಡೇ ಇಲ್ಲ. ಎಷ್ಟು ನಿಮಿಷ ಇಡ್ಬೇಕು ಅಂತ ಡಾಕ್ಟ್ರನ್ನ ಕೇಳೋಕೆ ಹೋಗಿದ್ದೆ. ಫ್ಯಾನ್ ಮಾತ್ರ ಓಡ್ತಾ ಇದೆ."

ಕನ್ನಡಕ ತೆಗೆದು ಎದ್ದು ಕೂತೆ. ಯಂತ್ರ ಕಪ್ಪಗೆ, ತಣ್ಣಗೆ ನಿಂತಿತ್ತು. ಗೋಡೆಯ ಕನ್ನಡಿಯಲ್ಲಿ ನನ್ನ ಮುಖ ಎಂದಿನಂತೆಯೇ ಇತ್ತು, ಗುಳ್ಳೆಗಳೂ ಎಂದಿನಂತೆಯೇ ಇದ್ದವು. ಅವುಗಳನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಡಾಕ್ಟರು ಬಂದರು. ಅವರ ಮುಂದೆ ಮಾತ್ರೆಯ ವಿಷಯ ಹೇಳಲೇಬೇಕಾಯಿತು. ಹೇಳುವಾಗ ನನ್ನ ದನಿ, ಹಲ್ಲು ಉಜ್ಜುತ್ತೀಯಾ ಎಂದು ಕೇಳಿದರೆ ಮಕ್ಕಳು ಉತ್ತರಿಸುವ ದನಿಯಂತೆಯೇ ಇತ್ತು.

ಅವರು ನಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಮೇಡಂ. ಅಂಥ ದೊಡ್ಡ ಅನಾಹುತ ಆಗ್ತಿತ್ತು ಅಂತಲ್ಲ, ಆದ್ರೆ ಚರ್ಮ ಕೆಂಪಾಗಿ ಉರಿಯೋ ಸಾಧ್ಯತೆ ಇತ್ತು. ಇವತ್ತು ಬೇಡ. ಮಾತ್ರೆ ನಿಲ್ಲಿಸಿ, ಒಂದೆರಡು ವಾರ ಬಿಟ್ಟು ಬನ್ನಿ," ಎಂದರು. ಬಾಗಿಲ ತನಕ ಬಂದು, "ಡಾಕ್ಟ್ರುಗಳೇ ನಮ್ಗೆ ಕಷ್ಟದ ಪೇಶೆಂಟ್‌ಗಳು," ಎಂದು ಮೆಲ್ಲಗೆ ಸೇರಿಸಿದರು. ಹೊರಗಿದ್ದ ಸವಿತಾ, "ಇಷ್ಟು ಬೇಗ ಮುಗೀತಾ ಮೇಡಂ? ಏನಾದ್ರೂ ಆಯ್ತಾ?" ಎಂದು ಕೇಳಿದಳು. "ಏನೂ ಆಗಲಿಲ್ಲ," ಎಂದೆ. ಅದು ಅಕ್ಷರಶಃ ನಿಜವಾಗಿತ್ತು.

ಮಾತ್ರೆಯೇನೋ ಅಂದೇ ನಿಲ್ಲಿಸಿದೆ, ಮತ್ತೆ ಹೋಗುವುದಿಲ್ಲ ಎಂದೂ ತೀರ್ಮಾನಿಸಿದೆ. ಆದರೆ ಗಲ್ಲದ ಉರಿ ಬಿಡಬೇಕಲ್ಲ. ಒಂದು ಮಧ್ಯಾಹ್ನ ಒಬ್ಬ ಅಜ್ಜನ ಹಲ್ಲು ಕೀಳುವಾಗ ನೋವಿಗೆ ನನ್ನ ಕಣ್ಣಲ್ಲೇ ನೀರು ಬಂತು. ಅಜ್ಜ ಅದನ್ನು ತಪ್ಪು ತಿಳಿದು, "ಅಳ್ಬ್ಯಾಡಿ ಡಾಕ್ಟ್ರಮ್ಮ, ನಂಗೇನೂ ನೋವಿಲ್ಲ," ಎಂದು ನನ್ನನ್ನೇ ಸಮಾಧಾನಪಡಿಸಿದರು. ಹೋಗಲೇಬೇಕಾಯಿತು. ಈ ಸಲ ದಿವ್ಯಳಿಗೆ ದೀಪ ಹಾಕುವ ಮೊದಲು ಹೇಳು, ಹಾಕಿದ ಮೇಲೆ ಹೇಳು, ನಡುನಡುವೆ ಮಾತಾಡುತ್ತಿರು ಎಂದು ಕೇಳಿಕೊಂಡೆ. ಪಾಪ, ಅವಳು ತನ್ನ ತಂಗಿಯ ಮದುವೆಯ ಕತೆಯನ್ನು ಕಂತುಕಂತಾಗಿ ಹೇಳಿದಳು. ನಿಜವಾದ ದೀಪ ಹತ್ತಿದಾಗ ಇಲ್ಲದ ದೀಪದಷ್ಟು ಬಿಸಿ ಇರಲಿಲ್ಲ. ಆದರೂ ಪ್ರತಿ ಸಲವೂ ಬೆನ್ನಿನ ಕೆಳಗಿನ ಹಾಸಿಗೆ ಬೆವರಿನಿಂದ ಒದ್ದೆಯಾಗುತ್ತಿತ್ತು. ತಂಗಿಗೆ ಮದುವೆಯಾಗಿ ಅವಳು ಗಂಡನ ಮನೆ ಸೇರುವ ಹೊತ್ತಿಗೆ ನನ್ನ ಗುಳ್ಳೆಗಳು ಬಹುಪಾಲು ಇಳಿದಿದ್ದವು. ಪೂರ್ತಿ ಹೋಗಲಿಲ್ಲ. ಒಂದೆರಡು ಕಲೆ ಉಳಿದಿವೆ, ಆಗೊಮ್ಮೆ ಈಗೊಮ್ಮೆ ಹೊಸದೊಂದು ಇಣುಕುತ್ತದೆ. ಆದರೆ ಸಂಜೆಯ ತನಕ ಮಾಸ್ಕ್ ಕಟ್ಟಿ ಕೆಲಸ ಮಾಡಬಲ್ಲೆ.

ನಮ್ಮತ್ತೆಗೆ ನಾನು ಮೊದಲ ದಿನದ ವಿಷಯ ಹೇಳಿರಲಿಲ್ಲ. ಅವರಿಗೆ ಕಂಡದ್ದು, ಸೊಸೆ ವಾರಕ್ಕೆರಡು ಸಲ ತಾನಾಗಿಯೇ ಹೋಗಿ ಆ ಬೆಳಕಿಗೆ ಮುಖ ಕೊಟ್ಟು ಬಂದಳು, ಕಣ್ಣೂ ಊದಿಕೊಳ್ಳಲಿಲ್ಲ ಎನ್ನುವುದಷ್ಟೇ. ಅವರು ಬೀದಿಯಲ್ಲೆಲ್ಲ ಸಾರಿಬಿಟ್ಟರು. "ನನ್ ಸೊಸೆ ಧೈರ್ಯ ಯಾರ್ಗೂ ಬರಾಕಿಲ್ಲ ಬುಡಿ. ವೆಲ್ಡಿಂಗ್‌ದಂತ ಬೆಳಕು ಕಣ್ರೀ, ಮೊಕದ ಮ್ಯಾಲೇ ಬುಟ್ಕೊಂಡು ನಿದ್ದೆ ಮಾಡ್ತಾಳೆ," ಎಂದು ತರಕಾರಿ ಗಾಡಿಯ ಹತ್ತಿರ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ. ಹೊಗಳಿಕೆ ಅಪರೂಪಕ್ಕೆ ಬಂದದ್ದು, ತಿದ್ದಲು ಮನಸ್ಸಾಗಲಿಲ್ಲ.

ಅದರ ಫಲವಾಗಿ ಹೋದ ವಾರ ಎದುರು ಮನೆಯ ವಿಮಲಮ್ಮ ತಮ್ಮ ಮಗಳನ್ನು ಕರೆದುಕೊಂಡು ಬಂದರು. ಪಿಯುಸಿ ಓದುವ ಹುಡುಗಿ, ಹೆಸರು ನಿಶಾ, ಮುಖದ ತುಂಬಾ ಮೊಡವೆ. ಅದೇ ಡಾಕ್ಟರು ಅವಳಿಗೂ ಅದೇ ಚಿಕಿತ್ಸೆ ಹೇಳಿದ್ದರು. "ಇವಳು ಒಬ್ಳೇ ಹೆದರ್ಕೋತಾಳೆ. ನಂಗೂ ನೋಡಕ್ಕಾಗಲ್ಲ. ನೀವು ಜೊತೇಲಿದ್ರೆ ಧೈರ್ಯ ಕಣ್ರೀ," ಎಂದರು. ಇಲ್ಲ ಎನ್ನುವುದು ಹೇಗೆ? ಹೋದೆ. ಡಾಕ್ಟರು ಒಪ್ಪಿ ನನ್ನ ಕಣ್ಣಿಗೂ ಒಂದು ಕಪ್ಪು ಕನ್ನಡಕ ಕೊಟ್ಟು, ಹಾಸಿಗೆಯ ಪಕ್ಕ ಸ್ಟೂಲ್ ಹಾಕಿಸಿದರು. ನಾನು ಹುಡುಗಿಯ ಕೈ ಹಿಡಿದುಕೊಂಡೆ. ದಿವ್ಯ, "ಆನ್ ಮಾಡ್ತಾ ಇದೀನಿ," ಎಂದಳು. ಫ್ಯಾನು ಗುಂಯ್ ಎಂದಿತು. ನಾನು ಹುಡುಗಿಗೆ, ಏನೂ ಆಗುವುದಿಲ್ಲ, ಉಸಿರು ಎಳೆದುಕೋ, ಉಸಿರು ಬಿಡು ಎಂದು ಒಂದೇ ಸಮನೆ ಹೇಳುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ದೀಪದ ಕೆಳಗಿನಿಂದ ನಿಶಾಳ ದನಿ ಬಂತು, ತೀರಾ ಮರ್ಯಾದೆಯ ದನಿ.

"ಆಂಟಿ, ನಂಗೇನೂ ಭಯ ಇಲ್ಲ. ಆದ್ರೆ ಕೈ ಸ್ವಲ್ಪ ಸಡಿಲ ಬಿಡ್ತೀರಾ? ಬೆರಳೆಲ್ಲ ಜೋಮು ಹಿಡಿದಿದೆ."