ಗೋವಿಂದನ ಕೈಹೆಸರು

ಗೋವಿಂದನ ಹೊಟ್ಟೆಯೊಳಗೆ ಮೂರು ತಿಂಗಳಿಂದ ಹೊಗೆಯಾಡುತ್ತಿದ್ದ ಒಲೆಯನ್ನು ಆ ಭಾನುವಾರ ಬೆಳಿಗ್ಗೆ ಭಗ್ಗನೆ ಹತ್ತಿಸಿದ್ದು ವಾಟ್ಸಾಪಿನಲ್ಲಿ ಬಂದ ಒಂದು ಚಿಕ್ಕ ವಿಡಿಯೋ.

ವಿಡಿಯೋದಲ್ಲಿ ಪುಷ್ಪಮ್ಮ ಕೈಯಾಡಿಸಿ ಮಾತಾಡುತ್ತಿದ್ದರು. ಶಿವಮೊಗ್ಗದ ಕಿವಿ ಕೇಳದವರ ಸಂಘಕ್ಕೆ ಅವರೇ ಅಧ್ಯಕ್ಷೆ. "ಇವತ್ತು ಇಂಪನಾ ಅಂತ ಎಂಟು ವರ್ಷದ ಮಗು ಹೊಸದಾಗಿ ಬರ್ತಿದೆ. ಅದಕ್ಕೊಂದು ಕೈಹೆಸರು ಇಡ್ಬೇಕು. ಎಲ್ರೂ ಬನ್ನಿ" ಎಂದಿದ್ದರು. ಅದರ ಕೆಳಗೆ ಯಾರೋ ಬರೆದಿದ್ದರು: "ಮುರಳಿ ಇಡಲಿ." ಅದಕ್ಕೆ ಹದಿನೆಂಟು ಹೆಬ್ಬೆರಳು.

ಗೋವಿಂದ ಹೆಬ್ಬೆರಳುಗಳನ್ನು ಎರಡು ಸಲ ಎಣಿಸಿದ. ಹದಿನೆಂಟೇ.

ಕೈಹೆಸರು ಎಂದರೆ ಸಣ್ಣ ವಿಷಯವಲ್ಲ. ಕೈಯಲ್ಲಿ ಮಾತಾಡುವವರು ಪ್ರತಿ ಸಲವೂ 'ಗೋವಿಂದ' ಎಂದು ಬೆರಳಿನಲ್ಲಿ ಅಕ್ಷರ ಜೋಡಿಸುತ್ತ ಕೂತರೆ ಎದುರಿಗಿದ್ದ ಕಾಫಿ ಆರಿಹೋಗುತ್ತದೆ. ಅದಕ್ಕೇ ಸಂಘದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸನ್ನೆಯ ಹೆಸರು. ಅದನ್ನು ತನಗೆ ತಾನೇ ಇಟ್ಟುಕೊಳ್ಳುವಂತಿಲ್ಲ. ಕಿವಿ ಕೇಳುವವರೂ ಇಡುವಂತಿಲ್ಲ. ಕಿವಿ ಕೇಳದವರೇ ನೋಡಿ, ಅಳೆದು, ಕೊಡಬೇಕು.

ಗೋವಿಂದನ ಹೆಸರು ಎರಡು ಬೆರಳಲ್ಲಿ ಮೀಸೆ ತಿರುವುವುದು. ಹದಿನೆಂಟನೆಯ ವಯಸ್ಸಿನಲ್ಲಿ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಸಂಘ ಕಟ್ಟಿದ ಚೌಡಯ್ಯನವರ ಮನೆಯಲ್ಲಿ ಸಿಕ್ಕ ಹೆಸರು. "ಆವತ್ತು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಕಣ್ಣು ಬಿಡ್ತೀನಿ, ಚೌಡಯ್ಯನೋರು ನನ್ನ ನೋಡಿ ಹಿಂಗೆ ಮೀಸೆ ತಿರುವ್ತಿದ್ದಾರೆ!" ಎಂದು ಗೋವಿಂದ ಹೇಳದ ವರ್ಷವಿಲ್ಲ. ಚೌಡಯ್ಯನವರ ಹೆಸರು ಮಣಿಕಟ್ಟಿಗೆ ಎರಡು ಸಲ ತಟ್ಟುವುದು. ಪಾಳಿಗೆ ತಡವಾಯಿತೆಂದು ಸದಾ ವಾಚು ನೋಡುತ್ತಿದ್ದರಂತೆ. ಹೆಸರಿಟ್ಟ ಮರುವರ್ಷವೇ ಅವರು ಕೆಲಸ ಬಿಟ್ಟು ಸಂಸಾರದೊಂದಿಗೆ ಮೈಸೂರಿಗೆ ಹೋಗಿ, ಅಲ್ಲೇ ತೀರಿಕೊಂಡ ಮೇಲೆ ಹೆಸರಿಡುವ ಗದ್ದುಗೆ ಗೋವಿಂದನದೇ. ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವವನಿಗೆ ಮನುಷ್ಯರ ಅಳತೆ ಗೊತ್ತಾಗದೇ ಇರುತ್ತದೆಯೇ? ಮೀಸೆಯನ್ನೂ ಮೂವತ್ತು ವರ್ಷದಿಂದ ಕುಂಡದ ತುಳಸಿಯಂತೆ ಕಾಪಾಡಿಕೊಂಡು ಬಂದಿದ್ದ. ಈಚೆಗೆ ಹದಿನೈದು ದಿನಕ್ಕೊಮ್ಮೆ ಬಣ್ಣ ಕೂಡ.

ಈ ಗದ್ದುಗೆಯ ಮೇಲೆ ಮೂರು ತಿಂಗಳ ಹಿಂದೆ ಬಂದು ಕೂತವನು ಮುರಳಿ. ಮದುವೆ ಸೀಸನ್ನಿನ ಬ್ಲೌಸುಗಳ ರಾಶಿಯಲ್ಲಿ ಮುಳುಗಿ ಗೋವಿಂದ ಒಂದು ಸಭೆ ತಪ್ಪಿಸಿದ್ದ. ಮುಂದಿನ ತಿಂಗಳು ಹೋದರೆ ಯಾವನೋ ಮೂವತ್ತು ದಾಟಿದ ಹುಡುಗ ನಡುವೆ ನಿಂತು ಕತೆ ಹೇಳುತ್ತಿದ್ದಾನೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದಾರೆ. ಅಷ್ಟರಲ್ಲಾಗಲೇ ಇಬ್ಬರಿಗೆ ಹೆಸರನ್ನೂ ಇಟ್ಟಾಗಿತ್ತು.

"ಅವನಿಗೆ ಕಿವಿ ಕೇಳ್ಸುತ್ತೆ," ಎಂದು ಗೋವಿಂದ ಹೆಂಡತಿ ಈಶ್ವರಮ್ಮನಿಗೆ ಕೈಯಲ್ಲಿ ಹೇಳಿದ. "ಹೋದ ತಿಂಗಳು ನೋಡ್ದೆ. ಕರೆ ಬಂದ ಕ್ಷಣಕ್ಕೆ ಸರಿಯಾಗಿ ಜೇಬಲ್ಲಿದ್ದ ಫೋನು ತೆಗೆದ."

ಈಶ್ವರಮ್ಮನಿಗೂ ಕಿವಿ ಕೇಳದು. ಮಂಡಿನೋವೆಂದು ಸಭೆಗೆ ಹೋಗುವುದು ಬಿಟ್ಟು ವರ್ಷವಾಗಿತ್ತು. ರಾಗಿ ಹಿಟ್ಟು ಮೆತ್ತಿದ ಕೈಯಲ್ಲೇ ಉತ್ತರ ಕೊಟ್ಟಳು. "ಫೋನು ನಡುಗಿರುತ್ತೆ. ಹೋಗಿ ಪಕ್ಕ ಕೂತು ವಿಚಾರಿಸಿ. ಯಾವೂರು, ಯಾವ ಶಾಲೆ, ಯಾರ ಮಗ. ನಮ್ಮೋರು ಹೊಸಬ್ರನ್ನ ಕಂಡ್ರೆ ಮೊದಲು ಅದನ್ನೇ ಅಲ್ವಾ ವಿಚಾರಿಸೋದು? ಮೂರು ತಿಂಗಳಾಯ್ತು, ನೀವು—"

ಗೋವಿಂದ ಕಣ್ಣು ಮುಚ್ಚಿಕೊಂಡ. ಕೇಳುವವರ ಮನೆಯಲ್ಲಿ ಜಗಳ ಬಂದರೆ ಬಾಗಿಲು ಬಡಿಯುತ್ತದೆ. ಗೋವಿಂದನ ಮನೆಯಲ್ಲಿ ರೆಪ್ಪೆ ಮುಚ್ಚಿಕೊಂಡರೆ ಮುಗಿಯಿತು. ಎದುರಿನವರು ಹತ್ತು ಬೆರಳಲ್ಲಿ ಬೈದರೂ ಒಂದೂ ಒಳಗೆ ಹೋಗದು.

ಇಂಪನಾಳಿಗೆ ಅವನು ಎಂಟು ದಿನ ಕೂತು ಹೆಸರು ಹೊಂದಿಸಿಟ್ಟಿದ್ದ. ಎರಡೂ ಕೈಯಲ್ಲಿ ತಾವರೆ ಅರಳಿ, ಅದು ಜಡೆಯಾಗಿ ಭುಜದಿಂದ ಇಳಿದು, ಕೊನೆಗೆ ರಿಬ್ಬನ್ನಿನ ಗಂಟು. "ಇಷ್ಟುದ್ದ ಕರೆಯೋ ಹೊತ್ತಿಗೆ ಆ ಮಗೂಗೆ ಮದುವೆ ವಯಸ್ಸಾಗುತ್ತೆ" ಎಂದಿದ್ದಳು ಈಶ್ವರಮ್ಮ. ಆಗಲೂ ಕಣ್ಣು ಮುಚ್ಚಿದ್ದ.

ಮುರಳಿಯ ಬಣ್ಣ ಬಯಲು ಮಾಡಲು ಗುಜರಿ ಅಂಗಡಿಯಿಂದ ಒಂದು ಹಾರನ್ ತಂದಿಟ್ಟಿದ್ದ. ಹಿಂದೆ ಐಸ್‌ಕ್ಯಾಂಡಿ ಗಾಡಿಗೆ ಕಟ್ಟುತ್ತಿದ್ದಂಥದು. ಹಿಂಬದಿಯ ರಬ್ಬರ್ ಬುರುಡೆ ಹಿಸುಕಿದರೆ ಸತ್ತವರೂ ಎದ್ದು ಕೂರುತ್ತಾರೆಂದು ಗುಜರಿಯವನು ಅಭಿನಯಿಸಿ ತೋರಿಸಿದ್ದ. ಅದನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಗೋವಿಂದ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದ.

ಬಸ್ಸು ತುಂಬಿತ್ತು. ಪಕ್ಕದಲ್ಲಿ ಕೂತವರು ಭಾರೀ ಯಜಮಾನರು, ಮದುವೆ ಮನೆಯ ಹಂಡೆಯಂತೆ. ನಡುವೆ ಚೀಲ. ಬಸ್ಸು ಗುಂಡಿ ಹಾರಿದಾಗಲೆಲ್ಲ ಯಜಮಾನರು ಚೀಲದ ಮೇಲೆ ಒರಗುವರು. ಪೋಂ! ಗೋವಿಂದ ಕಿಟಕಿಯಾಚೆ ನೋಡಿ ನಗುತ್ತಿದ್ದ. ಮುರಳಿ ಬೆಚ್ಚಿ ತಿರುಗುವ ದೃಶ್ಯ ಕಣ್ಣೆದುರಿಗಿತ್ತು. ಪೋಂ ಪೋಂ! ಡ್ರೈವರು ಹಿಂದೆ ಯಾರೋ ದಾರಿ ಕೇಳುತ್ತಿದ್ದಾರೆಂದು ಎಡಕ್ಕೆ ಸರಿದ. ಯಾರೂ ಮುಂದೆ ಹೋಗಲಿಲ್ಲ. ಮಾಚೇನಹಳ್ಳಿ ಹತ್ತಿರ ನಾಲ್ಕನೇ ಸಲ ಸರಿದಾಗ ಅವನ ತಾಳ್ಮೆ ಕೆಟ್ಟು ಬಸ್ಸು ನಿಲ್ಲಿಸಿಯೇ ಬಿಟ್ಟ.

"ಯಾರ್ರೀ ಅದು ಬಸ್ಸೊಳಗೆ ಹಾರನ್ ಹೊಡಿಯೋದು?" ಕಂಡಕ್ಟರ್ ಸೀಟು ಸೀಟು ಹುಡುಕುತ್ತ ಬಂದ. "ಏನ್ ಸ್ವಾಮಿ, ನಿಮಗೇ ಹೇಳ್ತಿರೋದು!"

ಗೋವಿಂದ ಕಿವಿ ಮುಟ್ಟಿ ಕೈಯಲ್ಲಾಡಿಸಿದ. ಕಂಡಕ್ಟರ್ ಮೆತ್ತಗಾದ. ಆದರೆ ಹೇಳಬೇಕಾದ್ದನ್ನು ಹೇಳಲೇಬೇಕಲ್ಲ; ಗಾಳಿಯಲ್ಲಿ ಐದೂ ಬೆರಳು ಹಿಸುಕಿ ಹಿಸುಕಿ ತೋರಿಸಿ, ಚೀಲದಿಂದ ಹಾರನ್ ಎತ್ತಿಕೊಂಡು ಹೋಗಿ ಡ್ರೈವರ ಪಕ್ಕ ಇಟ್ಟ. ಅದರ ಮೇಲೆ ಯಾರೋ ಅಕ್ಕಿ ಮೂಟೆ ಇಳಿಸಿದರು. ಶಿವಮೊಗ್ಗದಲ್ಲಿ ಇಳಿಯುವಾಗ ಹಾರನ್ ಮರಳಿ ಕೈಗೆ ಬಂತು. ಮತ್ತೊಮ್ಮೆ ಗಾಳಿಯಲ್ಲಿ ಹಿಸುಕಿ ತೋರಿಸಿ, ಕೈ ಮುಗಿದು ಬೀಳ್ಕೊಟ್ಟ ಕಂಡಕ್ಟರ್.

ಸಂಘದ ಕೋಣೆ ವಿನೋಬನಗರದಲ್ಲಿ, ಯೋಗರಾಜನ ಟೀ ಅಂಗಡಿಯ ಮೇಲಿನ ಮಹಡಿ. ಒಳಗೆ ಆಗಲೇ ಮೂವತ್ತು ಜನ, ಅರವತ್ತು ಕೈ. ಬಾಗಿಲ ಬಳಿ ಇಂಪನಾ ತನ್ನ ತಾಯಿ ಸುಮನಾಳ ಸೆರಗು ಹಿಡಿದು ನಿಂತಿತ್ತು. ಇಷ್ಟು ದಿನ ಊರಲ್ಲೆಲ್ಲ ತಾನೊಬ್ಬಳೇ ಹೀಗೆ ಎಂದುಕೊಂಡಿದ್ದ ಮಗು. ಅದರ ಕಣ್ಣು ಒಂದು ಕೈಯಿಂದ ಇನ್ನೊಂದು ಕೈಗೆ ಹಾರುತ್ತಿತ್ತು, ಜಾತ್ರೆಯಲ್ಲಿ ಯಾವ ಮಿಠಾಯಿ ಮೊದಲು ಎಂದು ತಿಳಿಯದವರಂತೆ. ಸುಮನಾಳಿಗೆ ಕಿವಿ ಕೇಳುತ್ತಿತ್ತು, ಆದರೆ ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

ಮುರಳಿ ಗೋವಿಂದನನ್ನು ಕಂಡು ಎದ್ದು ಬಂದ. "ಗೋವಿಂದಣ್ಣ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು ಅಂತ—"

ಗೋವಿಂದ ಕಣ್ಣು ಮುಚ್ಚಿದ. ತೆರೆದಾಗ ಮುರಳಿ ಹೋಗಿ ಬೆನ್ನು ತಿರುಗಿಸಿ ಕೂತಿದ್ದ. ಒಳ್ಳೆಯ ಸಮಯ. ಗೋವಿಂದ ಬೆಕ್ಕಿನಂತೆ ಹಿಂದೆ ಹೋಗಿ, ಹಾರನ್ ತೆಗೆದು, ಬುರುಡೆ ಹಿಸುಕಿದ. ಮುರಳಿ ಅಲ್ಲಾಡಲಿಲ್ಲ. ಇನ್ನೂ ಹತ್ತಿರ ಹೋಗಿ ಹಿಸುಕಿದ. ಎರಡೂ ಕೈ ಸೇರಿಸಿ, ಹಲ್ಲು ಕಚ್ಚಿ, ನಿಂಬೆಹಣ್ಣಿನ ಕೊನೆಯ ಹನಿ ಇಳಿಸುವವರಂತೆ ಹಿಸುಕಿದ. ಊಹೂಂ. ಮುರಳಿ ಹಾಯಾಗಿ ಟೀ ಕುಡಿಯುತ್ತಿದ್ದ. ಇಂಪನಾ ಮಾತ್ರ ಬಾಗಿಲ ಬಳಿಯಿಂದ ಇದನ್ನೆಲ್ಲ ರೆಪ್ಪೆ ಬಡಿಯದೆ ನೋಡುತ್ತಿತ್ತು.

ಟೀ ತಂದಿದ್ದ ಯೋಗರಾಜ ಗೋವಿಂದನನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋದ. ಅವನು ಕೇಳುವವನೇ; ಕೆಳಗೆ ಹತ್ತು ವರ್ಷ ಟೀ ಮಾರಿ ಅರೆಬರೆ ಕೈಮಾತು ಕಲಿತಿದ್ದ. "ಏನ್ ಮಾರಾಯ ಅದು? ರಬ್ಬರ್ ಹರಿದಿದೆ. ಬುಸ್ ಬುಸ್ ಅಂತ ಗಾಳಿ ಬರ್ತಿದೆ ಅಷ್ಟೆ."

ಹಾರನ್ ಸತ್ತಿದೆ ಎನ್ನುವುದು ಗೋವಿಂದನಿಗೆ ಹೇಗೆ ತಿಳಿಯಬೇಕು? ಅವಮಾನ ನುಂಗಿಕೊಂಡು ಹೊಸ ಉಪಾಯ ಹೂಡಿದ. "ಹಾಗಾದ್ರೆ ನೀನೇ ಕೂಗು. ನಾನು ಮೀಸೆ ತಿರುವಿದ ತಕ್ಷಣ. ಮುರಳಿಗೆ ಕೇಳ್ಸುತ್ತೆ ಅಂತ ಎಲ್ರಿಗೂ ಗೊತ್ತಾಗ್ಬೇಕು."

"ಅದಕ್ಯಾಕೆ ಕೂಗ್ಬೇಕು ಮಾರಾಯ? ಅವನು ನಮ್ಮ—"

ಗೋವಿಂದ ಕಣ್ಣು ಮುಚ್ಚಿದ. ಯೋಗರಾಜ ಎರಡು ಕ್ಷಣ ಕಾದ. ನಂತರ ಮುಖದಲ್ಲಿ ನಗು ಮೂಡಿತು. ಭಾನುವಾರ ವ್ಯಾಪಾರವೂ ಕಮ್ಮಿ. ಗೋವಿಂದನ ಭುಜ ತಟ್ಟಿ, ಆಯಿತು ಎಂದು ಹೆಬ್ಬೆರಳೆತ್ತಿದ.

ಪುಷ್ಪಮ್ಮ ದೀಪದ ಸ್ವಿಚ್ಚನ್ನು ಮೂರು ಸಲ ಹಾಕಿ ಆರಿಸಿದರು. ಸಭೆ ಶುರು ಎಂದರ್ಥ. ಗೋವಿಂದ ಎಲ್ಲರಿಗಿಂತ ಮೊದಲು ಎದ್ದ.

"ಹೆಸರಿಡೋಕೆ ಮುಂಚೆ ಹಳೇ ನಿಯಮ ಬರೆದಿಡೋಣ. ಕೇಳುವವರು ಬರಲಿ, ಊಟ ಮಾಡಲಿ, ಸಂತೋಷ. ಅವರು ಕೊಟ್ಟ ಕೈಹೆಸರು ಮಾತ್ರ ರದ್ದು. ಇವತ್ತಿಂದಲ್ಲ, ಮೊದಲಿಂದಲೂ!"

"ಗೋವಿಂದ, ಕೂತ್ಕೋ. ಮೊದಲು ನಾನೊಂದು ಮಾತು ಹೇಳ್ತೀನಿ," ಎಂದರು ಪುಷ್ಪಮ್ಮ.

ಅಧ್ಯಕ್ಷೆಯ ಎದುರಿಗೂ ಗೋವಿಂದ ಕಣ್ಣು ಮುಚ್ಚಿದ. ಕೆಳಗಿನಿಂದ ಚಿತ್ರಾನ್ನದ ಒಗ್ಗರಣೆ ವಾಸನೆ ಬರುತ್ತಿತ್ತು. ಬೇಗ ಮುಗಿದರೆ ಸಾಕೆಂದು ಎಲ್ಲರೂ ಕೈಯೆತ್ತಿದರು. ಮುರಳಿಯೂ ಎತ್ತಿದ. ನಿಯಮ ಪುಸ್ತಕಕ್ಕೇರಿತು.

ಗೋವಿಂದ ಗೆದ್ದವನ ಗತ್ತಿನಲ್ಲಿ ಮೀಸೆ ತಿರುವಿದ.

"ಹಾವು! ಹಾವು! ಕುರ್ಚಿ ಕೆಳಗೆ ನಾಗರಹಾವು!" ಯೋಗರಾಜ ಗಂಟಲು ಹರಿಯುವಂತೆ ಕಿರುಚಿದ.

ಮುರಳಿ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ನಿಂತ. ಸುಮನಾ ಮಗಳನ್ನೆತ್ತಿಕೊಂಡು ಮೇಜು ಹತ್ತಿದಳು. ಉಳಿದವರೆಲ್ಲ ಇವರಿಬ್ಬರಿಗೇನಾಯಿತೆಂದು ನೋಡುತ್ತ ಶಾಂತವಾಗಿ ಕೂತಿದ್ದರು. ಅಷ್ಟರಲ್ಲಿ ಅರ್ಧ ವಿನೋಬನಗರ ಮೆಟ್ಟಿಲೇರಿ ಬಂತು. ದೊಣ್ಣೆ, ಪೊರಕೆ, ಒಬ್ಬರ ಕೈಯಲ್ಲಿ ಸೊಳ್ಳೆ ಬ್ಯಾಟು. "ಎಲ್ಲಿ? ಎಲ್ಲಿ?" ಎದುರುಮನೆಯ ಗಂಗಾಧರಪ್ಪನವರು ಹಾವೆಂದು ಗೋವಿಂದನ ಚೀಲಕ್ಕೇ ನಾಲ್ಕು ಬಾರಿಸಿದರು. ಬುಸ್ ಎಂದಿತು. ಇನ್ನೂ ಎಂಟು ಬಿದ್ದವು. ದೊಣ್ಣೆಗಳನ್ನು ಕಂಡು ಸಂಘದವರು ಹೊಡೆದಾಟವೇ ಬಂತೆಂದು ಗೋಡೆಗೊತ್ತಿಕೊಂಡರು. ಹಾವಿಲ್ಲ, ಹಾರನ್ ಎಂದು ಯೋಗರಾಜ ಎಲ್ಲರನ್ನೂ ಕೆಳಗಿಳಿಸಿ, ಟೀ ಕುಡಿಸುವ ಹೊತ್ತಿಗೆ ಅರ್ಧ ಗಂಟೆ ಕಳೆಯಿತು.

ದೀಪ ಮತ್ತೆ ಮಿನುಗಿತು. ಗೋವಿಂದ ಬೆವರೊರೆಸಿಕೊಂಡು ಮುರಳಿಯತ್ತ ಬೆರಳು ತೋರಿಸಿದ. "ನೋಡಿದ್ರಾ? ಇವನಿಗೆ ಕೇಳ್ಸುತ್ತೆ!"

ಯಾರೂ ಬೆಚ್ಚಲಿಲ್ಲ. ಹಾಲು ಬೆಳ್ಳಗಿದೆ ಎಂದವನನ್ನು ನೋಡುವಂತೆ ನೋಡಿದರು.

"ಹೌದು," ಎಂದರು ಪುಷ್ಪಮ್ಮ. "ಅದಕ್ಕೆ?"

"ಅದಕ್ಕೆ ಇವನಿಟ್ಟ ಹೆಸರೆಲ್ಲ ರದ್ದು!"

"ಎಲ್ಲಾನೂ?"

"ಎಲ್ಲಾನೂ! ಒಂದೂ ಬಿಡೋ ಹಾಗಿಲ್ಲ!"

ಪುಷ್ಪಮ್ಮ ನಿಟ್ಟುಸಿರುಬಿಟ್ಟು ಮುರಳಿಯತ್ತ ತಿರುಗಿದರು. "ನೀನು ಯಾರ ಮಗ ಅಂತ ಹೇಳಪ್ಪ. ಇವತ್ತಾದ್ರೂ ಕಣ್ಣು ತೆರ್ಕೊಂಡಿದ್ದಾನೆ."

ಮುರಳಿ ತನ್ನ ಎಡ ಮಣಿಕಟ್ಟಿಗೆ ಎರಡು ಸಲ ತಟ್ಟಿದ.

ಚೌಡಯ್ಯನವರ ಹೆಸರು! ಗೋವಿಂದ ತೋರಿಸಿದ್ದ ಬೆರಳನ್ನು ಮೆಲ್ಲಗೆ ಮಡಚಿಕೊಂಡ.

"ಅಪ್ಪ ಅಮ್ಮ ಇಬ್ಬರಿಗೂ ಕೇಳ್ತಿರ್ಲಿಲ್ಲ ಗೋವಿಂದಣ್ಣ. ನನಗೆ ಮೊದಲು ಬಂದಿದ್ದೇ ಕೈಮಾತು. ಬಾಯಿಮಾತು ಆಮೇಲೆ. ಇಲ್ಲಿಗೆ ವರ್ಗವಾಗಿ ಬಂದ ದಿನವೇ ಎಲ್ರಿಗೂ ಹೇಳ್ದೆ. ಆವತ್ತು ನೀವು ಬಂದಿರ್ಲಿಲ್ಲ. ಆಮೇಲೆ ಹೇಳೋಕೆ ಬಂದಾಗೆಲ್ಲ ನೀವು..." ಮುರಳಿ ಕಣ್ಣು ಮುಚ್ಚಿ ತೋರಿಸಿದ.

"ಇನ್ನೊಂದು ವಿಷಯ ಇದೆ," ಎಂದರು ಪುಷ್ಪಮ್ಮ. "ಆವತ್ತು ಕ್ವಾರ್ಟರ್ಸಲ್ಲಿ ನಾನೂ ಇದ್ದೆ ಗೋವಿಂದ. ಚೌಡಯ್ಯ ನಿನಗೆ ಏನು ಹೆಸರಿಡೋದು ಅಂತ ತಲೆ ಕೆರ್ಕೊಳ್ತಿದ್ರು. ತೊಡೆ ಮೇಲಿದ್ದ ಮಗು ನಿನ್ನ ಚಿಗುರು ಮೀಸೆನ ಹಿಡಿದು ಹಿಂಗೆ ತಿರುವಿ ಎಳೀತು. ಚೌಡಯ್ಯ ನಕ್ಕು, 'ನನ್ನ ಮಗನೇ ಹೆಸರಿಟ್ಟ' ಅಂತ ನಮಗೆಲ್ಲ ತೋರಿಸಿದ್ರು. ನೀನು ನೋವಿಗೆ ಕಣ್ಣು ಮುಚ್ಕೊಂಡಿದ್ದೆ. ನೀರು ಬರ್ತಿತ್ತು."

ಎಲ್ಲರ ಕಣ್ಣೂ ಗೋವಿಂದನ ಮೀಸೆಯತ್ತ ತಿರುಗಿದವು.

ಗೋವಿಂದ ಅಭ್ಯಾಸಬಲದಿಂದ ಮೀಸೆಗೆ ಕೈ ಒಯ್ದ. ಅದು ತನ್ನದಲ್ಲವೆಂಬಂತೆ ಕೈ ಹಿಂದಕ್ಕೆ ಬಂತು. ಮೂವತ್ತು ವರ್ಷ ನೀರೆರೆದ ಹೆಸರು ತಾನೇ ಬರೆಸಿದ ನಿಯಮಕ್ಕೆ ಬಲಿ; ಪುಸ್ತಕದಲ್ಲಿ ಶಾಯಿ ಇನ್ನೂ ಆರಿರಲಿಲ್ಲ.

"ಆ ನಿಯಮ ಹೊಡೆದುಹಾಕಿಬಿಡೋಣ," ಎಂದ ಮುರಳಿ. ಆ ದೊಡ್ಡತನವೇ ಗೋವಿಂದನಿಗೆ ಮೆಣಸಿನಕಾಯಿ ಹೊಗೆಯಂತೆ ಹತ್ತಿತು. "ಬೇಡ!" ಎಂದ. "ನಿಯಮ ಅಂದ್ರೆ ನಿಯಮ."

"ಸರಿ. ಹಾಗಾದ್ರೆ ನಿನಗೀಗ ಹೆಸರಿಲ್ಲ," ಎಂದರು ಪುಷ್ಪಮ್ಮ. "ಯಾರು ಕೊಡ್ತಾರೆ?"

ಹಿರಿಯರೆಲ್ಲ ಚಾವಣಿ ನೋಡಿದರು. ಆಗ ಮೇಜಿನ ಮೇಲಿಂದ ಪುಟ್ಟ ಕೈಯೊಂದು ಮೇಲೆ ಬಂತು. ಇಂಪನಾ ಗೋವಿಂದನತ್ತ ಬೆರಳು ಮಾಡಿ, ಹಲ್ಲು ಕಚ್ಚಿ, ಐದೂ ಬೆರಳಲ್ಲಿ ಗಾಳಿಯನ್ನು ಹಿಸುಕಿ ತೋರಿಸಿತು. ಒಮ್ಮೆ, ಇನ್ನೊಮ್ಮೆ.

ಕೋಣೆಯೆಲ್ಲ ನಗು. ಆಮೇಲೆ ಎಲ್ಲರೂ ಕೈಗಳನ್ನು ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ಹುಟ್ಟಿನಿಂದ ಕಿವಿ ಕೇಳದ ಮಗು ಕೊಟ್ಟ ಹೆಸರು. ಅದನ್ನು ಯಾವ ನಿಯಮದಲ್ಲಿ ಅಲ್ಲಗಳೆಯುವುದು? ತನಗಾಗಿ ಇಷ್ಟೊಂದು ಕೈಗಳು ಎದ್ದುದನ್ನು ಮಗು ಬಾಯಿ ತೆರೆದು ನೋಡಿತು. ಅದರ ಕೆನ್ನೆಯಲ್ಲಿ ಗುಳಿ ಬಿತ್ತು. ಪುಷ್ಪಮ್ಮ ತಮ್ಮ ಕೆನ್ನೆಗೆ ಬೆರಳೊತ್ತಿ ತಿರುಗಿಸಿದರು. ಇಂಪನಾಳ ಹೆಸರೂ ಆಯಿತು. ಮುರಳಿ ಎಲ್ಲವನ್ನೂ ಸುಮನಾಳಿಗೆ ಬಾಯಲ್ಲಿ ಹೇಳುತ್ತಿದ್ದ. ಅವಳು ಸೆರಗು ಬಿಟ್ಟು ತನ್ನ ಕೆನ್ನೆಗೆ ಬೆರಳೊತ್ತಿ, ಮಗಳನ್ನು ಮೊದಲ ಸಲ ಹೆಸರು ಹಿಡಿದು ಕರೆದಳು. ಮಗು ತಿರುಗಿ ನೋಡಿತು. ಗೋವಿಂದನ ತಾವರೆ, ಜಡೆ, ರಿಬ್ಬನ್ನು ಬೆರಳ ತುದಿಯಲ್ಲೇ ಬಾಡಿದವು.

ಸಂಜೆ ಭದ್ರಾವತಿಯ ಬಸ್ಸಿನಲ್ಲಿ ಅವನು ಮೂಲೆಯ ಸೀಟು ಹಿಡಿದು ಸಮಾಧಾನ ಮಾಡಿಕೊಂಡ. ಹೆಸರು ಸಂಘದೊಳಗೆ ಮಾತ್ರ ತಾನೆ? ಹೊರಗೆ ಯಾರಿಗೆ ಗೊತ್ತಾಗಬೇಕು.

ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಬೆಳಗಿನವನೇ. ಗೋವಿಂದನನ್ನು ಕಂಡದ್ದೇ ಅವನ ಮುಖ ಅರಳಿತು. ಮುಂದೆ ಕೂತ ಡ್ರೈವರನ್ನು ಕರೆದು, ಬೆರಳು ಮಾಡಿ ಗೋವಿಂದನನ್ನು ತೋರಿಸಿ, ಕೈಯೆತ್ತಿ ಬೆಳಿಗ್ಗೆಯಂತೆಯೇ ಗಾಳಿಯಲ್ಲಿ ಎರಡು ಸಲ ಹಿಸುಕಿದ.

ಕಂಡಕ್ಟರಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಗೋವಿಂದ ಕಣ್ಣು ಮುಚ್ಚಿಕೊಂಡ.