ಮ್ಯಾಗ್ನಮ್ ಪ್ರಸಾದ

ಮೋನಪ್ಪನ ತೊಂದರೆಗೆ ಮೂಲ ಒಂದು ಹಂದಿ. ಅದೂ ಪುತ್ತೂರಿನ ಕಡೆ ಎಂದೋ ಸತ್ತು ಸಾರಾಗಿದ್ದ ಹಂದಿ. ಅಮೆರಿಕದ ಟೊರೆನ್ಸ್‌ನ ಆಫೀಸಿನಲ್ಲಿ ಊಟದ ಹೊತ್ತಿಗೆ ಬಾಸ್ ಡೇಲ್ ತನ್ನ ಬೇಟೆಯ ಕತೆಗಳನ್ನು ಬಿಚ್ಚಿದ್ದ. ಮೋನಪ್ಪನ ನಾಲಿಗೆ ಸುಮ್ಮನಿರಲಿಲ್ಲ. ತನ್ನ ಅಜ್ಜ ಒಂದೇ ಗುಂಡಿಗೆ ಕಾಡುಹಂದಿ ಕೆಡವಿದವರು, ಬೇಟೆ ತಮ್ಮ ಮನೆತನದಲ್ಲೇ ಬಂದದ್ದು ಎಂದುಬಿಟ್ಟ. ಅಸಲಿಗೆ ಹಂದಿ ಕೆಡವಿದ್ದು ಪಕ್ಕದ ಮನೆಯವರ ಕೋವಿ. ಅಜ್ಜ ಡಬ್ಬ ಬಡಿದು ಹಂದಿಯನ್ನು ಪೊದೆಯಿಂದ ಎಬ್ಬಿಸಿದ್ದರು, ಅಷ್ಟೆ.

ಆದರೆ ಬುರುಡೆಗೂ ಒಂದು ಕಾರಣವಿತ್ತು. ಟೀಮ್ ಲೀಡ್ ಕುರ್ಚಿ ಖಾಲಿ ಬಿದ್ದಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು, ಮೋನಪ್ಪ ಮತ್ತು ಪ್ರತೀಕ್. ಡೇಲ್ ಅದೇ ಮೇಜಿನಲ್ಲಿ ಪ್ರತೀಕನನ್ನೂ ಕೇಳಿದ, ನೀನು ಗನ್ ಹಿಡಿದಿದ್ದೀಯಾ ಎಂದು. ಪ್ರತೀಕ್, ತಾನು ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವನು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೋನಪ್ಪನಿಗೆ ಅವನ ಬಗ್ಗೆ ಕನಿಕರ ಹುಟ್ಟಿತು. ಕನಿಕರದ ಹಿಂದೆಯೇ ಪರಮಾನಂದವೂ ಆಯಿತು.

ಆಗ ಡೇಲ್ ಅಸಲಿ ಪ್ರಶ್ನೆ ಹಾಕಿದ. ಸಾವಿರ ಗಜ ದೂರದ ಗುರಿ ಹಲಗೆಗೂ ಬೇಕು, ಹಂದಿ ಬೇಟೆಗೂ ಬೇಕು, ರೈಫಲ್ ಮಾತ್ರ ಒಂದೇ. ಯಾವ ಕ್ಯಾಲಿಬರ್? ಇಂಥದ್ದನ್ನು ಅನ್ನ ತಿನ್ನುತ್ತ ಹೇಳಬಾರದು ಎಂದು ಮೋನಪ್ಪ ಗಂಭೀರವಾಗಿ ಜಾರಿಕೊಂಡ. ಡೇಲ್‌ಗೆ ಆ ಗಾಂಭೀರ್ಯ ಹಿಡಿಸಿತು. ಶನಿವಾರ ಮಧ್ಯಾಹ್ನ ಸ್ಯಾನ್ ಡಿಯಾಗೊ ಆಚೆಯ ಗುಡ್ಡಗಳಲ್ಲಿರುವ ಶೂಟಿಂಗ್ ರೇಂಜಿಗೆ ಬಾ, ಮೂರು ರೈಫಲ್ ತರುತ್ತೇನೆ, ಯಾವುದು ಮತ್ತು ಯಾಕೆ ಎಂದು ಅಲ್ಲಿ ಹೇಳು ಎಂದ. ಕ್ಯಾಲಿಬರ್ ಎಂದರೆ ಗುಂಡಿನ ದಪ್ಪ ಎಂದು ಮೋನಪ್ಪನಿಗೆ ತಿಳಿದದ್ದೇ ಆ ಸಂಜೆ, ಫೋನಿನಲ್ಲಿ ಹುಡುಕಿದ ಮೇಲೆ.

ಶನಿವಾರ ಬೆಳಿಗ್ಗೆ ಸ್ಯಾನ್ ಡಿಯಾಗೊದಲ್ಲೇ, ರಾಂಚೊ ಬರ್ನಾರ್ಡೊದ ಶಿವರಾಮ ಅಂಕಲ್ ಮನೆಯಲ್ಲಿ ಆಯುಧ ಪೂಜೆ. ಪಂಚಾಂಗದ ದಿನ ಎಲ್ಲರಿಗೂ ಆಫೀಸು ಇದ್ದುದರಿಂದ ಹಬ್ಬವೇ ಶನಿವಾರಕ್ಕೆ ಸರಿದುಕೊಂಡಿತ್ತು. ದಾರಿಯುದ್ದಕ್ಕೂ ಮೋನಪ್ಪ ಡೇಲ್ ಹೇಳಿದ್ದ ಮೂರು ಕ್ಯಾಲಿಬರ್‌ಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದ.

"ನಿಮ್ಗೆ ಎಂತಕ್ಕೆ ಬೇಕಿತ್ತು ಆ ಹಂದಿ ಕತೆ?" ಎಂದಳು ಹೆಂಡತಿ ಪ್ರಫುಲ್ಲಾ. "ಕೋಳಿ ಕೊಯ್ಯುವಾಗ ಒಳಗೆ ಹೋಗಿ ಕೂತ್ಕೊಳ್ಳುವ ಜನ ನೀವು."

ಮೋನಪ್ಪ ಮಗ್ಗಿ ಮುಂದುವರಿಸಿದ. ಲೀಡ್ ಆದ ಮೇಲೆ ಇವಳೇ ಹೊಗಳುತ್ತಾಳೆ ಎಂದು ಸಮಾಧಾನ ತಂದುಕೊಂಡ.

ಗ್ಯಾರೇಜಿನಲ್ಲಿ ಮೂರು ಕಾರು, ಒಂದು ಲಾನ್ ಮೂವರ್, ಶಿವರಾಮರ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ ಹಚ್ಚಿ ಹೂವಿಟ್ಟಿದ್ದರು. ಮೋನಪ್ಪ ಶಿವರಾಮರ ಕಿವಿಯಲ್ಲಿ ಮಾತ್ರ ವಿಷಯ ಹೇಳಿದ. ಅವರು ಟೆಲಿಕಾಂ ಕಂಪನಿಯಿಂದ ರಿಟೈರ್ ಆದವರು. ಯಾರಾದರೂ ಏನಾದರೂ ಕೇಳಲಿ ಎಂದು ಕಾಯುತ್ತಲೇ ಇದ್ದರು. ಕೋಸಂಬರಿ ಬಡಿಸುವಷ್ಟರಲ್ಲಿ ಮನೆಗೆ ಮನೆಯೇ ಚರ್ಚೆಗೆ ಇಳಿಯಿತು. ಮೊಟ್ಟೆಯನ್ನೂ ಮುಟ್ಟದ ಜನ ಒಂದು ಹಂದಿ ಬೀಳಲು ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕತೊಡಗಿದರು.

ಶಿವರಾಮರ ಮತ ಸಿಕ್ಸ್ ಪಾಯಿಂಟ್ ಫೈವ್ ಕ್ರೀಡ್‌ಮೋರ್‌ಗೆ. ಗುಂಡು ತೆಳ್ಳಗೆ ಉದ್ದಕ್ಕಿದೆ, ಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ, ಹೆಗಲಿಗೂ ಹಿತ. ಅವರ ಹೆಂಡತಿ ಶ್ರೀವಿದ್ಯಾ ಆಂಟಿ ಒಪ್ಪಲಿಲ್ಲ. "ತ್ರೀ ಓ ಎಯ್ಟ್ ತಗೊಳ್ಳಪ್ಪ. ಸೋನಾ ಮಸೂರಿ ಇದ್ದ ಹಾಗೆ, ಯಾವ ಅಂಗಡಿಗೆ ಹೋದ್ರೂ ಸಿಗತ್ತೆ," ಎಂದರು. ತ್ರೀ ಹಂಡ್ರೆಡ್ ಮ್ಯಾಗ್ನಮ್ ಬಗ್ಗೆ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ. ಅದು ದೊಡ್ಡ ಪ್ರಾಣಿಗೆ, ಒದೆತ ಭಯಂಕರ, ಮುಂದೆ ಹಂದಿ ಬಿದ್ದರೆ ಹಿಂದೆ ಹೊಡೆದವನೂ ಬೀಳುತ್ತಾನೆ.

ಗಂಡ ಹೆಂಡತಿ ಪಟ್ಟು ಸಡಿಲಿಸಲಿಲ್ಲ. ಕೊನೆಗೆ ದೇವಿಯ ಹತ್ತಿರವೇ ಪ್ರಸಾದ ಕೇಳುವುದೆಂದು ತೀರ್ಮಾನವಾಯಿತು. ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದ ದೇವಿಯ ಪಟದ ಬಲಕ್ಕೆ ಕ್ರೀಡ್‌ಮೋರ್ ಹೆಸರಿನಲ್ಲಿ, ಎಡಕ್ಕೆ ತ್ರೀ ಓ ಎಯ್ಟ್ ಹೆಸರಿನಲ್ಲಿ ಒದ್ದೆ ಹೂವು ಅಂಟಿಸಿದರು. ಯಾವುದು ಮೊದಲು ಬೀಳುತ್ತದೋ ಅದು ದೇವಿಯ ಅಪ್ಪಣೆ. ಪಾಪ, ಅದೊಂದನ್ನು ಯಾಕೆ ಬಿಡಬೇಕೆಂದು ಆಂಟಿ ಮ್ಯಾಗ್ನಮ್‌ಗೂ ಒಂದು ಹೂವನ್ನು ಪಟದ ನೆತ್ತಿಯ ಮೇಲಿಟ್ಟರು. ಶಿವರಾಮರು ಕೈ ಮುಗಿದು, "ತಾಯಿ, ಇವನ ಬಾಸು ಇವನ ಕೈ ಬಿಡಬಾರದು, ಹಾಗೆ ದಾರಿ ತೋರಿಸು," ಎಂದು ಗಟ್ಟಿಯಾಗಿ ಬೇಡಿಕೊಂಡರು.

ಅಷ್ಟರಲ್ಲಿ ಪೂಜೆಗೆ ಕರೆದಿದ್ದ ಪ್ರತೀಕ್ ಹೊರಗೆ ಬಂದು ನಿಂತ. ಯಾರೋ ರಿಮೋಟ್ ಒತ್ತಿದರು. ಗ್ಯಾರೇಜಿನ ಬಾಗಿಲು ಗಡಗಡನೆ ಮೇಲೆದ್ದಿತು, ಗೋಡೆ ನಡುಗಿತು, ನೆತ್ತಿಯ ಹೂವು ಕೆಳಗೆ ಬಿತ್ತು.

ಇದು ಬಾಗಿಲಿನ ಕೆಲಸ, ದೇವಿಯದಲ್ಲ ಎಂದು ಮೋನಪ್ಪ ವಾದಿಸಿ ನೋಡಿದ. ದೇವಿಗೆ ಬಾಗಿಲೂ ಒಂದೇ, ಗಾಳಿಯೂ ಒಂದೇ ಎಂದು ಶಿವರಾಮರು ತೀರ್ಪು ಕೊಟ್ಟರು. ಆಂಟಿ ಅವನ ಹಣೆಗೆ ಯುದ್ಧಕ್ಕೆ ಹೊರಟವನಿಗೆ ಇಡುವಷ್ಟು ದೊಡ್ಡ ಕುಂಕುಮ ಇಟ್ಟರು. ಪ್ರತೀಕನಂತೂ ಏನೂ ಅರ್ಥವಾಗದೆ ಆಲ್ ದಿ ಬೆಸ್ಟ್ ಹೇಳಿದ.

ರೇಂಜಿನಲ್ಲಿ ಡೇಲ್ ಮೂರೂ ರೈಫಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಮೋನಪ್ಪನ ಕೈ ಕ್ರೀಡ್‌ಮೋರ್ ಕಡೆಗೇ ಹೋಯಿತು. ಆದರೆ ದೇವರ ಪ್ರಸಾದ ಮೀರುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಮ್ಯಾಗ್ನಮ್ ಎಂದ. ಯಾಕೆ ಎಂದು ಕೇಳಿದ್ದಕ್ಕೆ, ಇದು ನಾನು ಆರಿಸಿದ್ದಲ್ಲ, ಮೇಲಿನಿಂದ ಬಂದದ್ದು ಎಂದು ಸತ್ಯವನ್ನೇ ಹೇಳಿದ. ಅಜ್ಜನಿಂದ ಎಂದು ಡೇಲ್ ತಿಳಿದುಕೊಂಡು ಟೋಪಿ ತೆಗೆದ.

ಹೆಗಲಿಗೆ ಒತ್ತಿ ಹಿಡಿ, ಕಣ್ಣು ರೈಫಲ್ ಮೇಲಿನ ದುರ್ಬೀನು, ಅಂದರೆ ಸ್ಕೋಪಿನಿಂದ ದೂರವಿರಲಿ ಎಂದು ಡೇಲ್ ಹೇಳಿದ್ದು ನಿಜ. ಆದರೆ ಗುರಿ ಅಷ್ಟು ದೂರದಲ್ಲಿದ್ದುದರಿಂದ ಮೋನಪ್ಪ ಕಣ್ಣನ್ನು ಹತ್ತಿರ ತಂದುಕೊಂಡ. ಗುಂಡು ಎಲ್ಲಿಗೆ ಹೋಯಿತೋ ಯಾರಿಗೂ ಕಾಣಲಿಲ್ಲ. ಸ್ಕೋಪು ಮಾತ್ರ ನೇರ ಅವನ ಹುಬ್ಬಿಗೆ ಬಂದು ಅರ್ಧಚಂದ್ರ ಕೊರೆಯಿತು. ಉಸಿರು ಸಿಕ್ಕಿಕೊಂಡದ್ದರಿಂದ ಕೂಗಲೂ ಆಗಲಿಲ್ಲ.

ಡೇಲ್ ಗಾಯಕ್ಕೆ ಪಟ್ಟಿ ಹಾಕಿದ. ಮ್ಯಾಗ್ನಮ್ ಏಟು ತಿಂದು ಒಂದು ಸೊಲ್ಲೂ ಎತ್ತದವನನ್ನು ತಾನು ಈವರೆಗೆ ಕಂಡಿಲ್ಲ ಎಂದ. ಆಮೇಲೆ ಲೀಡ್ ವಿಷಯ ತೆಗೆದ. ಮೋನಪ್ಪ ನೋವು ಮರೆತು ನೆಟ್ಟಗೆ ಕೂತ.

ಲೀಡ್ ಆದವನು ಶನಿವಾರವೆಲ್ಲ ಆಫೀಸಿನಲ್ಲಿ ಕೊಳೆಯಬೇಕು, ನಿನ್ನಂಥ ಬೇಟೆಗಾರನಿಗೆ ಆ ಶಿಕ್ಷೆ ಕೊಡಲು ಮನಸ್ಸು ಬರಲಿಲ್ಲ ಎಂದ ಡೇಲ್. ಕುರ್ಚಿ ಪಟಾಕಿಗೆ ಹೆದರುವ ಆ ಪ್ರತೀಕನಿಗೇ ಇರಲಿ. ಇನ್ನು ಮುಂದೆ ಪ್ರತಿ ಶನಿವಾರ ನಾವಿಬ್ಬರೂ ಬೇಟೆಗೆ. ಹುಬ್ಬು ಮಾಯುವವರೆಗೆ ನೀನು ರೈಫಲ್ ಮುಟ್ಟಬೇಡ, ಪೊದೆಯೊಳಗೆ ಹೋಗಿ ಸದ್ದು ಮಾಡಿ ಹಂದಿಗಳನ್ನು ನನ್ನ ಕಡೆ ಓಡಿಸು, ಸಾಕು.

ಸಂಜೆ ರಾಂಚೊ ಬರ್ನಾರ್ಡೊಗೆ ವಾಪಸಾದಾಗ ಪಟ್ಟಿಯ ಸುತ್ತ ಕೆಂಪು ನೋಡಿ ಆಂಟಿ, ತಾನಿಟ್ಟ ಕುಂಕುಮ ಇನ್ನೂ ಹಾಗೇ ಇದೆ ಎಂದು ಸಂತೋಷಪಟ್ಟರು. ಬಾಸು ಕೈ ಬಿಡಲಿಲ್ಲ ತಾನೇ ಎಂದು ಶಿವರಾಮರು ವಿಚಾರಿಸಿದರು. ಇಲ್ಲ, ಇನ್ನು ಬಿಡುವುದೂ ಇಲ್ಲ ಎಂದ ಮೋನಪ್ಪ.

ಪ್ರಫುಲ್ಲಾ ಅವನನ್ನು ಪಕ್ಕಕ್ಕೆ ಕರೆದಳು. "ಕೆಲಸ ಸಿಕ್ಕಿತಾ?"

"ಸಿಕ್ಕಿತು," ಎಂದ ಮೋನಪ್ಪ. "ಅಜ್ಜನದ್ದು. ಮನೆಯಲ್ಲಿ ಖಾಲಿ ಡಬ್ಬ ಉಂಟಾ?"