ಬಲಗಡೆಯ ಅಂಕಣ

ಹಾಳೆಯ ನಡುವೆ ಸ್ಕೇಲಿಟ್ಟು ಎಳೆದ ಒಂದು ಗೆರೆಯಿಂದ ಇಷ್ಟೆಲ್ಲ ಆಯಿತು. ಗೆರೆ ನೆಟ್ಟಗೇ ಇತ್ತು, ಪಾಪ, ಅದರ ತಪ್ಪೇನೂ ಇಲ್ಲ.

ಮೇಷ್ಟ್ರಾಗಲು ತರಬೇತಿ ಪಡೆಯುವವರು ಪ್ರತಿ ಪಾಠಕ್ಕೂ ಮೊದಲು ಪಾಠಯೋಜನೆ ಬರೆಯಬೇಕು. ಗೆರೆಯ ಎಡಗಡೆ ತಾವು ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಹೇಳುವ ಉತ್ತರ. ಮಕ್ಕಳ ಬಾಯಲ್ಲಿ ಏನು ಬರುತ್ತದೆಂದು ಅವರನ್ನು ಸೃಷ್ಟಿಸಿದ ಭಗವಂತನಿಗೂ ಖಾತ್ರಿಯಿರಲಾರದು. ಆದರೆ ತರಬೇತಿ ಕಾಲೇಜಿಗೆ ಖಾತ್ರಿ ಬೇಕು.

ಕಳೆದ ವರ್ಷ ನಮ್ಮ ಕಥಾನಾಯಕ ಪರೀಕ್ಷಕರೆದುರು ಕೊನೆಯ ಪಾಠ ಮಾಡಿದ ದಿನ, ಬಲಗಡೆ ಬರೆದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಕ್ಕಳು ಹೇಳಿದರು. ಅವನು ಫೇಲಾದ. ಅಂದಿನಿಂದ ಮನೆಯಲ್ಲಿ ಅವನ ಹೆಸರು ‘ಅರ್ಧ ಮೇಷ್ಟ್ರು’.

ಈ ವರ್ಷದ್ದು ಎರಡನೆಯ ಅವಕಾಶ, ಕೊನೆಯದೂ ಹೌದು. ಬೆಳಿಗ್ಗೆ ಹೊರಡುವಾಗ ಅಕ್ಕ ಬಾಗಿಲಲ್ಲೇ ಹೇಳಿದ್ದಳು: "ನೋಡೋ, ಈ ಸಲಾನೂ ಡುಮ್ಕಿ ಹೊಡೆದ್ರೆ ನಾಳಿದ್ದಿಂದ ನಿಮ್ಮ ಭಾವನ ಹೊಲಿಗೆ ಅಂಗಡೀಲಿ ಗುಂಡಿ ಹಾಕ್ತಾ ಕೂತ್ಕೋ."

"ಅಯ್ಯೋ, ನನ್ನನ್ಯಾಕೆ ಸಿಕ್ಕಿಸ್ತೀಯ?" ಎಂದ ಭಾವ ಒಳಗಿಂದ. "ಸೂಜಿಗೆ ದಾರ ಪೋಣಿಸೋಕೆ ಅವನಿಗೆ ಒಂದು ಪಾಠಯೋಜನೆ ಬೇಕಾಗುತ್ತೆ."

ಅರ್ಧ ಮೇಷ್ಟ್ರು ಒಳಗೊಳಗೇ ನಕ್ಕ. ಈ ಸಲ ಅವನು ಉಪಾಯ ಮಾಡಿದ್ದ. ಮಕ್ಕಳು ಬಲಗಡೆಯ ಅಂಕಣದಲ್ಲಿರುವುದನ್ನು ಹೇಳುವುದಿಲ್ಲವೇ? ಹಾಗಾದರೆ ಬಲಗಡೆಯ ಅಂಕಣವನ್ನೇ ಅವರಿಗೆ ಕೊಟ್ಟರಾಯಿತು! ಹತ್ತು ದಿನ ಸಂಜೆ ಗಂಟೆ ಹೊಡೆದ ಮೇಲೆ ಐದನೇ ತರಗತಿಯ ಮೂವತ್ತು ಮಕ್ಕಳನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ. ಪ್ರಶ್ನೆಯನ್ನೂ ಕಲಿಸಲು ಹೊತ್ತೆಲ್ಲಿದೆ? ಬರೀ ಉತ್ತರ. ಮೊದಲನೇ ಸಲ ಕೇಳಿದಾಗ ಇದು, ಎರಡನೇ ಸಲ ಕೇಳಿದಾಗ ಇದು, ಹೀಗೆ ಸಾಲಾಗಿ. ಪಾಠ ‘ನೀರು ಆವಿಯಾಗುವ ಬಗೆ’. ಮಕ್ಕಳು ಮಣಿ ಎಣಿಸಿದ ಹಾಗೆ ಒಂದರ ಹಿಂದೊಂದು ಉತ್ತರ ಉದುರಿಸತೊಡಗಿದರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಯಂತೂ ನಿದ್ದೆಯಲ್ಲೂ ಹೇಳುತ್ತಾಳೆಂದು ಅವಳಮ್ಮ ದೂರು ತಂದಿದ್ದಳು.

ಶಾಲೆಗೆ ಕಾಲಿಟ್ಟ ಕೂಡಲೇ ಅಡ್ಡ ಸಿಕ್ಕಿದವನು ಚಾರ್ಟ್ ರಾಯ. ಅವನೂ ತರಬೇತಿಯವನೇ, ಪಾಸಾಗಿಬಿಟ್ಟಿದ್ದರಿಂದ ಈಗ ಊರಿಗೆಲ್ಲ ಉಪದೇಶ ಮಾಡಿಕೊಂಡಿದ್ದ.

"ಚಾರ್ಟಿಲ್ಲದೆ ಪಾಠಾನಾ? ತಲೆ ಕೆಟ್ಟಿದೆಯೇನೋ ನಿಂಗೆ? ತಗೋ, ರಾತ್ರಿ ನಿದ್ದೆಗೆಟ್ಟು ಬರ್ದಿದ್ದೀನಿ" ಎಂದು ಸುರುಳಿಯೊಂದನ್ನು ಕಂಕುಳಿಗೆ ತುರುಕಿದ. ಬಿಚ್ಚಿದರೆ ಬಿಳಿ ಮೋಡ, ಅದರಿಂದ ಸುರಿಯುವ ನಾಲ್ಕು ದಪ್ಪ ಮಳೆಯ ಗೆರೆ. ಮೋಡ ಕುರಿಯ ಹಾಗಿತ್ತು, ಮಳೆ ಅದರ ಕಾಲಿನ ಹಾಗಿತ್ತು.

ಅಷ್ಟರಲ್ಲಿ ತರಗತಿಯ ಟೀಚರಮ್ಮ ಬಂದು, ಕೇಳದೆಯೇ ಅವನ ಪಾಠಯೋಜನೆ ಕಸಿದುಕೊಂಡು ಕನ್ನಡಕ ಏರಿಸಿದರು.

"‘ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ?’ ಇದೇನಪ್ಪಾ ಮೊದಲನೇ ಪ್ರಶ್ನೆ? ಹಲ್ಲುಜ್ಜೋದಕ್ಕೂ ಆವಿಗೂ ಏನು ಸಂಬಂಧ? ಪರೀಕ್ಷಕರು ಇಲ್ಲೇ ನಿನ್ನ ಕತ್ತು ಹಿಡೀತಾರೆ. ತೆಗೆದುಹಾಕು."

"ಅಮ್ಮಾ, ಅದು ಪೀಠಿಕೆಗೆ ಅಂತ..."

"ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೀನಿ ಕಣಪ್ಪಾ. ತೆಗಿ ಅಂದ್ರೆ ತೆಗಿ."

ದೊಡ್ಡವರ ಮಾತು. ಅರ್ಧ ಮೇಷ್ಟ್ರು ಕೆಂಪು ಪೆನ್ನಿನಿಂದ ಮೊದಲನೆಯ ಪ್ರಶ್ನೆಯನ್ನು ಹೊಡೆದುಹಾಕಿದ. ಮೂವತ್ತು ತಲೆಗಳೊಳಗಿನ ಮೊದಲನೆಯ ಉತ್ತರವನ್ನು ಯಾವ ಪೆನ್ನಿನಿಂದಲೂ ಹೊಡೆದುಹಾಕಲು ಬರುವುದಿಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ.

ಪರೀಕ್ಷಕರು ಬಂದರು. ಬೆಂಚು ಗಿಡ್ಡ, ಅವರು ಎತ್ತರ. ಹಿಂದಿನ ಸಾಲಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಮಿಡತೆಯ ಹಾಗೆ ಕೂತರು. ಗೋಡೆಯ ಚಾರ್ಟ್ ನೋಡಿ ಪಕ್ಕದ ಮಗುವನ್ನು "ಅದೇನು?" ಎಂದು ಪಿಸುದನಿಯಲ್ಲಿ ಕೇಳಿದರು.

"ಕುರಿ ಸಾರ್" ಎಂದಿತು ಮಗು.

ಪರೀಕ್ಷಕರು ಏನೋ ಬರೆದುಕೊಂಡರು. ಅರ್ಧ ಮೇಷ್ಟ್ರ ಬೆನ್ನಿನ ಮೇಲೆ ಬೆವರಿನ ಹನಿಯೊಂದು ಪ್ರಯಾಣ ಹೊರಟಿತು. ದೇವರನ್ನು ನೆನೆದು ಗಂಟಲು ಸರಿಮಾಡಿಕೊಂಡ.

"ಮಕ್ಕಳೇ, ಒದ್ದೆಯಾದ ಅಂಗಿಯನ್ನು ಏನು ಮಾಡುತ್ತೀರಿ?"

ಮೂವತ್ತು ಕೈಗಳು ಮೇಲೆದ್ದವು. ಎರಡು ಜಡೆಯ ಹುಡುಗಿ ಎದ್ದು ನಿಂತು ಗಂಟೆ ಬಾರಿಸಿದ ಹಾಗೆ ಹೇಳಿದಳು: "ಚೆನ್ನಾಗಿ ಹಲ್ಲುಜ್ಜುತ್ತೇವೆ ಸಾರ್!"

ಹೊಡೆದುಹಾಕಿದ ಪ್ರಶ್ನೆಯ ಉತ್ತರ ಅದು. ತಡೆಯುವುದು ಹೇಗೆ? ಮುಂದೆ ಹೋದರೆ ಸರಿಹೋದೀತೆಂದು ಮುಂದಿನದಕ್ಕೆ ಹಾರಿದ.

"ತಲೆಸ್ನಾನ ಮಾಡಿ ಬಂದ ಅಜ್ಜಿಯನ್ನು ಏನು ಮಾಡುತ್ತೀರಿ?"

"ಹಿಂಡಿ ಹಗ್ಗಕ್ಕೆ ಹಾಕುತ್ತೇವೆ!" ಎಂದಿತು ಇಡೀ ತರಗತಿ, ಒಂದೇ ಉಸಿರಿನಲ್ಲಿ.

ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಾಯವಾದರು.

"ಕು... ಕುದಿಯುವ ನೀರನ್ನು?"

"ಬಿಸಿಲಲ್ಲಿ ಕೂರಿಸಿ ತಲೆ ಬಾಚುತ್ತೇವೆ!"

ಪರೀಕ್ಷಕರ ಪೆನ್ನು ಓಡುತ್ತಲೇ ಇತ್ತು. ಆ ಪೆನ್ನಿನ ಸದ್ದು ಅವನಿಗೆ ಹೊಲಿಗೆ ಯಂತ್ರದ ಸದ್ದಿನಂತೆ ಕೇಳಿಸಿತು. ಎಲ್ಲ ಮುಗಿಯಿತು. ಮುಗಿದ ಮೇಲೆ ಮನುಷ್ಯನಿಗೊಂದು ನಿರಾಳ ಬರುತ್ತದೆ. ಅವನು ಪಾಠಯೋಜನೆಯನ್ನು ಮಡಚಿ ಮೇಜಿನ ಮೇಲಿಟ್ಟು, ಮೇಷ್ಟ್ರ ಗತ್ತನ್ನೆಲ್ಲ ಬಿಟ್ಟು, ಸುಮ್ಮನೆ ಮನೆಮಾತಿನಲ್ಲಿ ಕೇಳಿದ:

"ಅಲ್ಲಮ್ಮಾ, ನಿಜವಾಗ್ಲೂ ಅಜ್ಜೀನ ಹಿಂಡಿ ಹಗ್ಗಕ್ಕೆ ಹಾಕ್ತೀಯಾ?"

ಹುಡುಗಿ ಬಲಗಡೆಯ ಅಂಕಣವನ್ನು ಮನಸ್ಸಿನಲ್ಲೇ ಹುಡುಕಿದಳು. ಅಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ಇಲ್ಲ ಸಾರ್. ಅಜ್ಜಿ ಬೈತಾಳೆ."

ತರಗತಿಯೆಲ್ಲ ಗೊಳ್ಳೆಂದಿತು. ಅವನೂ ನಕ್ಕ.

"ಹಗ್ಗಕ್ಕೆ ಹಾಕದೇನೇ ಅಜ್ಜಿ ಕೂದಲು ಒಣಗುತ್ತಲ್ಲ, ಹೇಗೆ?"

"ಬಿಸಿಲಿಗೆ ಸಾರ್!" "ನಮ್ಮಜ್ಜಿದು ಗಾಳಿಗೇ ಒಣಗುತ್ತೆ, ಇರೋದೇ ನಾಲ್ಕು ಕೂದಲು!" "ಸಾರ್, ಆ ನೀರು ಎಲ್ಲಿ ಹೋಗುತ್ತೆ ಸಾರ್?"

ಕೊನೆಯ ಪ್ರಶ್ನೆ ಕಿಟಕಿಯ ಪಕ್ಕದಿಂದ ಬಂದಿತ್ತು. ಹತ್ತು ದಿನದಲ್ಲಿ ಒಂದು ಮಗು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅವನು ಒದ್ದೆ ಬೆರಳಿಂದ ಹಲಗೆಯ ಮೇಲೆ ಒಂದು ಗೆರೆ ಎಳೆದ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಅದು ಮೆಲ್ಲಗೆ ಮಾಯವಾಯಿತು. ಎಲ್ಲಿ ಹೋಯಿತೆಂದು ಮಕ್ಕಳು ಜಗಳಕ್ಕೆ ಬಿದ್ದರು. ಗಂಟೆ ಹೊಡೆದದ್ದೇ ಯಾರಿಗೂ ಗೊತ್ತಾಗಲಿಲ್ಲ.

ಪರೀಕ್ಷಕರು ಬೆಂಚಿನಿಂದ ತಮ್ಮ ಕಾಲುಗಳನ್ನು ಬಿಡಿಸಿಕೊಂಡು ಬಂದು ಅವನ ಕೈ ಹಿಡಿದರು.

"ಅಬ್ಬಾ! ಬಾಯಿಪಾಠ ಮಾಡಿಸಿದ ಪಾಠದ ವಾಸನೆ ನನಗೆ ಗೇಟಿನ ಹತ್ರಾನೇ ಹೊಡೆಯುತ್ತೆ ಕಣ್ರೀ. ನಿಮ್ಮ ಕ್ಲಾಸಲ್ಲಿ ಮೊದಮೊದಲು ಒಂದಾದ್ರೂ ಸರಿ ಉತ್ತರ ಬಂತಾ? ಬರಲಿಲ್ಲ! ಎಂಥಾ ಪ್ರಾಮಾಣಿಕತೆ! ತಪ್ಪು ಹೇಳೋ ಧೈರ್ಯ ಕೊಟ್ಟಿದ್ದೀರಲ್ಲ ಮಕ್ಕಳಿಗೆ!" ಎಂದು ಮಕ್ಕಳ ಕಡೆ ತಿರುಗಿದರು. "ಮಕ್ಕಳೇ, ನಿಮ್ಮ ಸಾರ್ ನಾಳೆ ಇದೇ ಪಾಠ ಹಿಂದಿನ ರಸ್ತೆಯ ಶಾಲೆಯಲ್ಲಿ ಮಾಡ್ತಾರೆ. ನಮ್ಮ ಕಾಲೇಜಿನವರೆಲ್ಲ ಬಂದು ನೋಡ್ತಾರೆ."

ಹೊರಗೆ ಜಗಲಿಗೆ ಬಂದ ಮೇಲೆ ದನಿ ತಗ್ಗಿಸಿದರು: "ಅಂಕ ನಾಳೆ ಹಾಕ್ತೀನಿ. ಅಲ್ಲೂ ಮಕ್ಕಳು ಹೀಗೇ ತಪ್ಪಲಿ, ನೀವು ಹೀಗೇ ತಿದ್ದಿ. ಒಂದೇ ಒಂದು ಮಗುವಿನ ಬಾಯಲ್ಲಿ ಉರುಹೊಡೆದ ಉತ್ತರ ಬಂತೋ, ಸೊನ್ನೆ. ಕಾಲೇಜಿನವರ ಮುಂದೆ ನನ್ನ ಮಾನದ ಪ್ರಶ್ನೆ."

ಅರ್ಧ ಮೇಷ್ಟ್ರಿಗೆ ಹೆದರಿಕೆಯಾಗಲಿಲ್ಲ. ಅಲ್ಲಿಯ ಮಕ್ಕಳಿಗೆ ಏನೂ ಗೊತ್ತಿಲ್ಲ, ಅದೇ ಪುಣ್ಯ. ನಾಳೆ ಪಾಠಯೋಜನೆಯಿಲ್ಲದೆ, ಇವತ್ತಿನ ಹಾಗೇ ಮಾತಾಡಿದರಾಯಿತು. ಮಧ್ಯಾಹ್ನವಿಡೀ ಅವನ ಮನಸ್ಸು ತಿಳಿನೀರಿನಂತಿತ್ತು. ಇನ್ನು ನನ್ನನ್ನು ಪೂರ್ತಿ ಮೇಷ್ಟ್ರೆಂದೇ ಕರೆಯಲಿ ಎಂದುಕೊಂಡ.

ಸಂಜೆ ಗೇಟಿನ ಹತ್ತಿರ ಎರಡು ಜಡೆಯ ಹುಡುಗಿ ಕಾದು ನಿಂತಿದ್ದಳು. ಹಿಂದೆ ಐದನೇ ತರಗತಿ ಪೂರ್ತಿ ಇತ್ತು. ಮುಖಗಳೆಲ್ಲ ಬಿಸಿಲಿಗೆ ಕೆಂಪಾಗಿದ್ದವು.

"ಸಾರ್, ನಮ್ಮಿಂದ ಎಲ್ಲ ತಪ್ಪಾಗಿಹೋಯ್ತು, ನಿಮಗೆ ಅವಮಾನ ಆಯ್ತು."

"ಏನೂ ಆಗ್ಲಿಲ್ಲಮ್ಮ. ಮನೆಗೆ ಹೋಗಿ."

"ನೀವು ಯೋಚನೆ ಮಾಡ್ಬೇಡಿ ಸಾರ್" ಎಂದಳು ಹುಡುಗಿ, ಎದೆಯುಬ್ಬಿಸಿ. "ಊಟದ ಹೊತ್ತಲ್ಲಿ ನಾವೆಲ್ಲ ಹಿಂದಿನ ರಸ್ತೆ ಶಾಲೆಗೆ ಓಡಿದ್ವಿ. ಒಬ್ಬೊಬ್ರು ಅಲ್ಲಿನ ಒಬ್ಬೊಬ್ರನ್ನ ಹಿಡ್ಕೊಂಡು ಕೂತು ಬಾಯಿಪಾಠ ಮಾಡಿಸಿದ್ದೀವಿ. ನಾಳೆ ಒಂದೂ ತಪ್ಪಾಗಲ್ಲ. ಈ ಸಲ ಪ್ರಶ್ನೆ ಸಮೇತ ಕಲಿಸಿದ್ದೀವಿ ಸಾರ್!"